ಟೈಮೆಷ್ಟಾಯ್ತು ಅಂತ ಕೇಳೋ ಕಂಪ್ಯೂಟರು

ಕಂಪ್ಯೂಟರಿನ ತಾರೀಖು ಕೆಡಿಸ್ತಿರೋದು ವೈರಸ್ಸಲ್ಲ ಮೇಷ್ಟ್ರೇ, ಸೆಲ್ಲು. ಆ ದಾಸವಾಳದ ಕೊಂಬೆ ಒಂಚೂರು ಸರಿಸಿ, ಹೇಳ್ತೀನಿ. ನಿಮ್ಮ ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ರೂಪಾಯಿ ನಾಣ್ಯದಷ್ಟಗಲದ ಒಂದು ಸೆಲ್ಲಿರುತ್ತೆ, ಸಿಆರ್2032 ಅಂತ ಅದರ ಮೈಮೇಲೇ ಬರೆದಿರುತ್ತೆ. ಕರೆಂಟು ಇಲ್ಲದಾಗಲೂ ಒಳಗಿನ ಪುಟ್ಟ ಗಡಿಯಾರ ನಡೀತಿರಲಿ ಅಂತ ಇಟ್ಟಿರೋದು. ಅದು ಮುಗಿದುಹೋದರೆ, ರಾತ್ರಿ ಸ್ವಿಚ್ ಆರಿಸಿ ಬೆಳಗ್ಗೆ ಹಾಕಿದಾಗ ಕಂಪ್ಯೂಟರಿಗೆ ಇವತ್ತು ಯಾವ ದಿನ ಅನ್ನೋದೇ ಗೊತ್ತಿರಲ್ಲ. ಕಾರ್ಖಾನೆಯಲ್ಲಿ ಬರೆದಿಟ್ಟ ಯಾವುದೋ ಹಳೇ ಜನವರಿ ಒಂದನೇ ತಾರೀಖಿಗೆ ಹೋಗಿ ನಿಂತುಬಿಡುತ್ತೆ.

ಬ್ಯಾಂಕಿನ ಸೈಟು ತೆರೀತಿಲ್ಲ ಅಂದ್ರಲ್ಲ, ಅದೂ ಇದರಿಂದಲೇ. ಒಂದೊಂದು ಸೈಟಿಗೂ ಒಂದು ಸರ್ಟಿಫಿಕೇಟು ಇರುತ್ತೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ. ನಿಮ್ಮ ಕಂಪ್ಯೂಟರು ತಾನು 2010ರಲ್ಲಿದ್ದೀನಿ ಅಂದುಕೊಂಡು ಕೂತಿದೆ. ಅದರ ಲೆಕ್ಕದಲ್ಲಿ ಆ ಸರ್ಟಿಫಿಕೇಟು ಇನ್ನೂ ಹುಟ್ಟೇ ಇಲ್ಲ. ಅದಕ್ಕೇ ಬ್ರೌಸರು ‘ಬೇಡ, ಒಳಗೆ ಹೋಗಬೇಡಿ’ ಅಂತ ತಡೀತಿದೆ. ಪಾಪ, ಅದು ತನ್ನ ಕೆಲಸ ಸರಿಯಾಗೇ ಮಾಡ್ತಿದೆ. ಸೆಲ್ಲು ವಾಚ್ ರಿಪೇರಿ ಅಂಗಡೀಲೇ ಸಿಗುತ್ತೆ. ಹಾಕಿದ ಮೇಲೆ ಮೊದಲು ತಾರೀಖು, ಇಸವಿ ಕೈಯಾರೆ ತಿದ್ದಿ. ಆಮೇಲೆ ಸೆಟ್ಟಿಂಗ್ಸಿನಲ್ಲಿ ‘ಸಿಂಕ್ ನೌ’ ಒತ್ತಿ. ಯಾಕೆ ಈ ಕ್ರಮ ಅಂದ್ರೆ, ವ್ಯತ್ಯಾಸ ತೀರಾ ದೊಡ್ಡದಿದ್ದರೆ ಇಂಟರ್ನೆಟ್ಟು ಹೇಳಿದ ಟೈಮನ್ನ ಕಂಪ್ಯೂಟರು ನಂಬಲ್ಲ. ಮನೆಯ ವಿಂಡೋಸಿನಲ್ಲಿ ಸಾಮಾನ್ಯವಾಗಿ ಹದಿನೈದು ಗಂಟೆ ಅದರ ಎಲ್ಲೆ. ಯಾರೋ ಬಂದು ‘ನಿನ್ನ ಲೆಕ್ಕ ವರ್ಷಗಟ್ಟಲೆ ತಪ್ಪು’ ಅಂದರೆ ಒಪ್ಪಿಕೊಳ್ಳದೇ ಇರೋದು ಜಾಣತನವೇ ತಾನೇ?

ಏನಂದ್ರಿ? ಸೆಲ್ಲು ಹೊಸದಾದ ಮೇಲೂ ಇಂಟರ್ನೆಟ್ಟನ್ನ ಯಾಕೆ ಕೇಳಬೇಕು ಅಂತಲಾ? ಒಳ್ಳೇ ಪ್ರಶ್ನೆ ಕೇಳಿದ್ರಿ. ಒಳಗಿರೋದು ಕ್ವಾರ್ಟ್ಜ್ ಹರಳು ಮೇಷ್ಟ್ರೇ, ಸೆಕೆಂಡಿಗೆ 32,768 ಸಲ ಕಂಪಿಸೋದು. ನಿಮ್ಮ ಕೈಗಡಿಯಾರದಲ್ಲೂ ಅಂಥದ್ದೇ. ಅಗ್ಗದ ಹರಳು ಹತ್ತು ಲಕ್ಷದಲ್ಲಿ ಇಪ್ಪತ್ತು ಪಾಲು ಆಚೀಚೆ ಆಗೋದು ಮಾಮೂಲು. ಲೆಕ್ಕ ಹಾಕಿ ನೋಡಿ, ದಿನಕ್ಕೆ ಹತ್ತಿರ ಹತ್ತಿರ 1.7 ಸೆಕೆಂಡು. ತಿಂಗಳಿಗೆ ಐವತ್ತು ಸೆಕೆಂಡು. ಚಳಿಗಾಲದಲ್ಲಿ ಒಂದು ಥರ, ಡಬ್ಬಿಯೊಳಗೆ ಬಿಸಿಯೇರಿದಾಗ ಇನ್ನೊಂದು ಥರ. ತತ್ಕಾಲ್ ಟಿಕೆಟ್ಟಿಗೆ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಒತ್ತೋಕೆ ಕೂತಿರ್ತೀರಲ್ಲ, ಅಲ್ಲಿ ನಡೆಯೋದು ರೈಲ್ವೆಯವರ ಸರ್ವರಿನ ಗಡಿಯಾರ. ನಿಮ್ಮದು ಐವತ್ತು ಸೆಕೆಂಡು ಹಿಂದಿದ್ದರೆ ನೀವು ಒತ್ತೋ ಹೊತ್ತಿಗೆ ಬರ್ತು ಖಾಲಿ. ಮೊಬೈಲಿನ ಆ್ಯಪಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗೋ ಆರಂಕಿ ಕೋಡು ನೋಡಿದ್ದೀರಲ್ಲ? ಎಸ್ಸೆಮ್ಮೆಸ್ಸಿನ ಓಟಿಪಿ ಅಲ್ಲ, ಆ್ಯಪೇ ಹುಟ್ಟಿಸೋದು. ಅದೂ ಗಡಿಯಾರದ ಮೇಲೇ ನಿಂತಿರೋದು. ಎರಡೂ ಕಡೆ ಟೈಮು ಒಂದೇ ಇಲ್ಲದಿದ್ದರೆ ಸರಿಯಾದ ಕೋಡೂ ತಪ್ಪು ಅನ್ನಿಸಿಕೊಳ್ಳುತ್ತೆ.

ಗೊತ್ತು, ಗೊತ್ತು. ಆಕಾಶವಾಣಿಯ ವಾರ್ತೆಗೆ ಮುಂಚೆ ಬರೋ ಪೀಂ ಪೀಂ ಕೇಳಿ ಎಚ್ಎಂಟಿ ವಾಚು ಸರಿ ಮಾಡಿಕೊಳ್ತಿದ್ದೆವು, ಅದೇ ಸಾಕಿತ್ತಲ್ಲ ಅಂತೀರಿ. ನಿಜ, ನನಗೂ ಆ ಸದ್ದಿನ ಮೇಲೆ ತುಂಬ ಪ್ರೀತಿ. ಆದರೆ ರೇಡಿಯೋದ್ದು ಒಂದೇ ಕಡೆಯ ಮಾತು. ಅವರು ಹೇಳ್ತಿದ್ದರು, ನಾವು ಕೇಳ್ತಿದ್ದೆವು. ಅಲೆ ಕಣ್ಣು ಮಿಟುಕಿಸೋದರೊಳಗೆ ಮನೆಗೆ ಬರ್ತಿತ್ತು, ತೊಂದರೆ ಇರಲಿಲ್ಲ. ಇಂಟರ್ನೆಟ್ಟಿನ ದಾರಿ ಹಾಗಲ್ಲ. ಈಗ ಒಂದು ದಾರಿ, ಇನ್ನೊಂದು ಕ್ಷಣಕ್ಕೆ ಇನ್ನೊಂದು. ಎಲ್ಲೋ ಜಾಮ್ ಆಗುತ್ತೆ. ‘ಈಗ ಹತ್ತು ಗಂಟೆ’ ಅನ್ನೋ ಉತ್ತರ ನಿಮ್ಮ ಮನೆ ಮುಟ್ಟೋ ಹೊತ್ತಿಗೆ ಎಷ್ಟು ಹಳೇದಾಗಿದೆ ಅಂತ ಗೊತ್ತಾಗೋದಾದರೂ ಹೇಗೆ?

ಇಲ್ಲೇ ಮೇಷ್ಟ್ರೇ, ನನಗೆ ಬಹಳ ಇಷ್ಟವಾದ ಲೆಕ್ಕ ಬರೋದು. ನೀವು ಗಣಿತ ಹೇಳಿಕೊಟ್ಟವರು, ನಿಮಗೂ ಖುಷಿಯಾಗುತ್ತೆ. ನಿಮ್ಮ ಮೊಮ್ಮಗನನ್ನ ಆಚೆ ಬೀದಿಯವರ ಮನೆಗೆ ಟೈಮು ಕೇಳಿಕೊಂಡು ಬಾ ಅಂತ ಕಳಿಸ್ತೀರಿ ಅನ್ನಿ. ಹೊರಟಾಗ ನಿಮ್ಮ ಗಡಿಯಾರದಲ್ಲಿ ಆರು ಗಂಟೆ. ಅವನು ಅಲ್ಲಿಗೆ ಹೋದಾಗ ಅವರ ಗಡಿಯಾರದಲ್ಲಿ ಆರು ಒಂಬತ್ತು. ಎರಡು ನಿಮಿಷ ಕೂತು ಕೋಡುಬಳೆ ತಿಂದ, ಆರು ಹನ್ನೊಂದಕ್ಕೆ ಹೊರಟ. ವಾಪಸ್ಸು ಬಂದಾಗ ನಿಮ್ಮ ಗಡಿಯಾರದಲ್ಲಿ ಆರು ಹತ್ತು. ಈಗ ಹೇಳಿ. ಹೋಗಿ ಬರೋಕೆ ಒಟ್ಟು ಹತ್ತು ನಿಮಿಷ, ಅದರಲ್ಲಿ ಕೋಡುಬಳೆಯ ಎರಡು ನಿಮಿಷ ಕಳೀರಿ, ನಡಿಗೆ ಎಂಟು. ಹೋಗೋಕೆ ನಾಲ್ಕು, ಬರೋಕೆ ನಾಲ್ಕು. ಹಾಗಾದರೆ ಅವನು ಅಲ್ಲಿ ಮುಟ್ಟಿದಾಗ ನಿಮ್ಮಲ್ಲಿ ಆರು ನಾಲ್ಕು, ಅವರಲ್ಲಿ ಆರು ಒಂಬತ್ತು. ನಿಮ್ಮ ಗಡಿಯಾರ ಐದು ನಿಮಿಷ ಹಿಂದೆ! ನೋಡಿ, ದಾರಿ ಎಷ್ಟು ಉದ್ದ ಅಂತ ಯಾರೂ ಮೊದಲೇ ಹೇಳಿರಲಿಲ್ಲ, ಎರಡು ಗಡಿಯಾರಗಳನ್ನ ಅಕ್ಕಪಕ್ಕ ಇಟ್ಟು ನೋಡಲೂ ಇಲ್ಲ. ಆದರೂ ಗೊತ್ತಾಯ್ತು.

ಎನ್‌ಟಿಪಿ ಅನ್ನೋದರ ಪ್ರಾಣ ಇಷ್ಟೇ. ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್. ನಾಲ್ಕು ಟೈಮು ಬರೆದುಕೊಳ್ಳೋದು, ಕೂಡಿ ಕಳೆದು ಎರಡರಿಂದ ಭಾಗಿಸೋದು. ಹೋಗೋ ದಾರಿಗೂ ಬರೋ ದಾರಿಗೂ ಹಿಡಿಯೋ ಹೊತ್ತು ಒಂದೇ ಅಂತ ನಂಬಿಕೊಂಡಿರುತ್ತೆ. ಆ ನಂಬಿಕೆ ಎಷ್ಟು ತಪ್ಪೋ ಅದರ ಅರ್ಧದಷ್ಟು ಟೈಮೂ ತಪ್ಪುತ್ತೆ, ಅದೊಂದೇ ಅದರ ಕೊರತೆ. ಹಾಗಿದ್ದರೂ ಮಾಮೂಲಿ ಬ್ರಾಡ್‌ಬ್ಯಾಂಡಿನ ಮನೆಗಳಲ್ಲಿ ಕೆಲವೇ ಮಿಲಿಸೆಕೆಂಡುಗಳಷ್ಟು ಹತ್ತಿರಕ್ಕೆ ತಂದು ನಿಲ್ಲಿಸುತ್ತೆ.

ಇದನ್ನ ಕಟ್ಟಿದವರು ಡೇವಿಡ್ ಮಿಲ್ಸ್, ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದ ಪ್ರೊಫೆಸರು. ನಿಮ್ಮ ಹಾಗೆ ಮೇಷ್ಟ್ರೇ. 1985ರಲ್ಲಿ ಇದರ ಮೊದಲ ಬರಹ ಹೊರಗೆ ಬಂತು. ಇಂಟರ್ನೆಟ್ಟು ಅಂದರೆ ನಮಗೆ ಯಾರಿಗೂ ಗೊತ್ತಿರದ ಕಾಲ. ಅವರಿಗೆ ಹುಟ್ಟಿನಿಂದಲೇ ಗ್ಲಾಕೋಮಾ. ಚಿಕ್ಕಂದಿನಲ್ಲಿ ಆಪರೇಷನ್ ಮಾಡಿ ಎಡಗಣ್ಣಿನಲ್ಲಿ ಒಂದಿಷ್ಟು ದೃಷ್ಟಿ ಉಳಿಸಿದ್ದರು, ಕೊನೆಕೊನೆಗೆ ಅದೂ ಹೋಯ್ತು. 2024ರ ಜನವರಿ 17ರಂದು ತೀರಿಕೊಂಡರು, ಎಂಬತ್ತೈದು ವರ್ಷ. ಅವತ್ತೂ ಲೋಕದ ಅಷ್ಟೂ ಕಂಪ್ಯೂಟರುಗಳು ಅವರು ಹೇಳಿಕೊಟ್ಟ ಹಾಗೇ ಒಂದನ್ನೊಂದು ಟೈಮು ಕೇಳ್ತಿದ್ದವು. ಅವರ ಹೆಸರು ನಮ್ಮ ಮಕ್ಕಳ ಪಾಠದ ಪುಸ್ತಕದಲ್ಲಿ ಇರಬೇಕಿತ್ತು ಅಂತ ನನಗೆ ನಿಜವಾಗಿ ಅನ್ನಿಸುತ್ತೆ.

ಬರೀ ಲೆಕ್ಕ ಕಂಡುಹಿಡಿದಿದ್ದರೆ ಅವರ ಮೇಲೆ ಇಷ್ಟು ಗೌರವ ಬರ್ತಿರಲಿಲ್ಲ. ಕೇಳೋದರಲ್ಲಿ ಒಂದು ಮರ್ಯಾದೆ ಇಟ್ಟರು ನೋಡಿ, ಅದು ದೊಡ್ಡದು. ಒಬ್ಬರ ಮಾತು ಕೇಳಿ ಒಪ್ಪಿಬಿಡಬಾರದು. ಇಬ್ಬರನ್ನ ಕೇಳಿ, ಇಬ್ಬರೂ ಬೇರೆ ಬೇರೆ ಹೇಳಿದರೆ ಯಾರದು ಸುಳ್ಳು ಅಂತ ತಿಳಿಯಲ್ಲ. ಮೂವರಾದರೂ ಬೇಕು, ನಾಲ್ವರಿದ್ದರೆ ಒಬ್ಬರು ಬಾಗಿಲು ಹಾಕಿಕೊಂಡ ದಿನವೂ ನಡೆಯುತ್ತೆ. ಗುಂಪಿಗೆ ಹೊಂದದ ಉತ್ತರವನ್ನ ಎನ್‌ಟಿಪಿ ಬದಿಗಿಡುತ್ತೆ. ವಿಂಡೋಸು ಮಾಮೂಲಾಗಿ ಒಬ್ಬರನ್ನೇ ಕೇಳೋದು, ಅಷ್ಟರಮಟ್ಟಿಗೆ ಸೋಮಾರಿ. ಲಿನಕ್ಸಿನಲ್ಲಿ ಕ್ರೋನಿ ಅನ್ನೋ ಪ್ರೋಗ್ರಾಮು ಹಾಕಿಕೊಂಡರೆ ನಾಲ್ಕಾರು ಜನರನ್ನ ಕೇಳುತ್ತೆ.

ತಪ್ಪು ಗೊತ್ತಾದ ಮೇಲೂ ಎನ್‌ಟಿಪಿ ತಟ್ಟನೆ ಮುಳ್ಳು ತಿರುಗಿಸಲ್ಲ. ಅದು ಬಹಳ ಮುಖ್ಯ. ಗಡಿಯಾರ ಇದ್ದಕ್ಕಿದ್ದ ಹಾಗೆ ಹಿಂದಕ್ಕೆ ಹೋದರೆ, ಈಗ ಉಳಿಸಿದ ಫೈಲು ಆಗ ಉಳಿಸಿದ್ದಕ್ಕಿಂತ ಹಳೇದು ಅಂತ ಕಾಣುತ್ತೆ, ಬ್ಯಾಕಪ್ ಗೊಂದಲಕ್ಕೆ ಬೀಳುತ್ತೆ. ಅದಕ್ಕೇ ಸಣ್ಣ ವ್ಯತ್ಯಾಸವಾದರೆ ಸೆಕೆಂಡಿಗೆ ಅರ್ಧ ಮಿಲಿಸೆಕೆಂಡಿನಷ್ಟು ಮಾತ್ರ ಬೇಗವೋ ನಿಧಾನವೋ ನಡೆಸುತ್ತೆ. ಸೆಕೆಂಡಿನ ಹತ್ತನೇ ಒಂದು ಪಾಲು ತಿದ್ದೋಕೆ ಇನ್ನೂರು ಸೆಕೆಂಡು ತಗೊಳ್ಳುತ್ತೆ. ವ್ಯತ್ಯಾಸ 128 ಮಿಲಿಸೆಕೆಂಡು ದಾಟಿದರೆ ಮಾತ್ರ ಒಂದೇ ಏಟಿಗೆ ಸರಿಸೋದು. ಮಿಲ್ಸ್ ಅವರ ಮೂಲ ಪ್ರೋಗ್ರಾಮಿನ ಪದ್ಧತಿ ಇದು.

ಮರ್ಯಾದೆ ತಪ್ಪಿದರೆ ಏನಾಗುತ್ತೆ ಅಂತ 2003ರಲ್ಲಿ ನೋಡಿದ್ದಾಯ್ತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಒಂದು ಟೈಮ್ ಸರ್ವರು ಇಟ್ಟಿದ್ದರು, ಯಾರು ಬೇಕಾದರೂ ಕೇಳಲಿ ಅಂತ. ನೆಟ್‌ಗಿಯರ್ ಕಂಪನಿ ಮನೆಗಳಿಗೆ ಮಾರಿದ ಲಕ್ಷಾಂತರ ರೂಟರುಗಳಲ್ಲಿ ಆ ಒಂದೇ ವಿಳಾಸವನ್ನ ಕೊರೆದಿಟ್ಟಿತ್ತು. ಉತ್ತರ ಬರದಿದ್ದರೆ ಸೆಕೆಂಡಿಗೊಮ್ಮೆ ಮತ್ತೆ ಕೇಳು ಅಂತ ಬೇರೆ ಬರೆದಿತ್ತು. ಕೇಳಿದ್ದೂ ಕೇಳಿದ್ದೇ! ಸೆಕೆಂಡಿಗೆ ಎರಡೂವರೆ ಲಕ್ಷ ಪ್ರಶ್ನೆ ಬಂದು ಬಿದ್ದವು. ಯಾರದೋ ದಾಳಿ ಅಂತಲೇ ಮೊದಲು ಅಂದುಕೊಂಡರಂತೆ. ಆಮೇಲೆ ಕಂಪನಿ ಒಪ್ಪಿಕೊಂಡು ಪರಿಹಾರ ಕೊಟ್ಟಿತು. ಆದರೆ ಜನರ ಮನೆಗಳಲ್ಲಿ ಕೂತ ಡಬ್ಬಿಗಳನ್ನ ವಾಪಸ್ಸು ಕರೆಸೋಕಾಗುತ್ತಾ? ಪುಕ್ಕಟೆ ಕೊಡೋರ ಮನೆಗೆ ಹೀಗೆ ನುಗ್ಗೋದು ನನಗೆ ಸಹಿಸೋಕಾಗಲ್ಲ.

ಅದೇ ವರ್ಷ ಒಂದು ಒಳ್ಳೇ ಕೆಲಸವೂ ಶುರುವಾಯ್ತು ಅನ್ನಿ. ಏಡ್ರಿಯನ್ ಫಾನ್ ಬಿಡರ್ ಅನ್ನೋರು ಎನ್‌ಟಿಪಿ ಪೂಲ್ ಅಂತ ಕಟ್ಟಿದರು. ಲೋಕದ ಯಾವ ಯಾವ ಮೂಲೆಯವರೋ ತಮ್ಮ ಸರ್ವರನ್ನ ಅದಕ್ಕೆ ಸೇರಿಸ್ತಾರೆ, ಕೇಳಿದವರಿಗೆ ಒಂದು ಸಲ ಒಬ್ಬರ ವಿಳಾಸ, ಇನ್ನೊಂದು ಸಲ ಇನ್ನೊಬ್ಬರದು. ಹೊರೆ ಒಬ್ಬರ ಮೇಲೇ ಬೀಳಲ್ಲ. 2005ರಿಂದ ಆಸ್ಕ್ ಬ್ಯೋರ್ನ್ ಹ್ಯಾನ್ಸೆನ್ ಅನ್ನೋರು ನೋಡಿಕೊಳ್ತಿದ್ದಾರೆ. ನಮ್ಮ ದೇಶದ್ದೂ ಒಂದು ಭಾಗ ಅದರಲ್ಲಿದೆ. ನನ್ನ ಲಿನಕ್ಸ್ ಕಂಪ್ಯೂಟರಿಗೆ ಅದನ್ನೇ ಹಾಕಿದ್ದೀನಿ. ಯಾರು ಕೊಟ್ಟರು ಅಂತ ಗೊತ್ತಿಲ್ಲದೆ ದಿನಾ ಟೈಮು ತಗೊಳ್ತೀನಿ. ಒಂದು ಥ್ಯಾಂಕ್ಸ್ ಹೇಳೋಣ ಅಂದ್ರೆ ಯಾರಿಗೆ ಹೇಳೋದು?

ಬಂದೇ ಕಣೇ, ಒಂದು ನಿಮಿಷ! ಒಳಗೆ ಕಾಫಿ ಆರ್ತಿದೆಯಂತೆ. ಇರಲಿ, ನಮ್ಮ ದೇಶದ್ದು ಹೇಳಿಬಿಡ್ತೀನಿ.

ನಮ್ಮ ಭಾರತೀಯ ಕಾಲವನ್ನ ಕಾಯೋದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಎನ್‌ಪಿಎಲ್. ಅಲ್ಲಿ ಸೀಸಿಯಂ ಗಡಿಯಾರಗಳಿವೆ. ಸೀಸಿಯಂ ಪರಮಾಣುವಿನ ಒಂದು ಕಂಪನವನ್ನ 9,192,631,770 ಸಲ ಎಣಿಸಿದರೆ ಒಂದು ಸೆಕೆಂಡು. 1967ರಿಂದ ಲೋಕಕ್ಕೆಲ್ಲ ಅದೇ ಅಳತೆ. ಎನ್‌ಪಿಎಲ್ ತನ್ನ ಟೈಮನ್ನ ಇಂಟರ್ನೆಟ್ಟಿನಲ್ಲೂ ಕೊಡುತ್ತೆ. ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್ಐಸಿಯವರದೂ ಇದೆ, ‘ಸಮಯ್’ ಅಂತಲೇ ಆ ಸರ್ವರುಗಳ ಹೆಸರು. 2022ರ ಏಪ್ರಿಲ್‌ನಲ್ಲಿ ಸೈಬರ್ ಭದ್ರತೆ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ಕಂಪನಿಗಳು, ಡೇಟಾ ಸೆಂಟರುಗಳು, ಸರ್ಕಾರಿ ಕಚೇರಿಗಳೆಲ್ಲ ಈ ಎರಡರಲ್ಲೊಂದಕ್ಕೋ, ಇವಕ್ಕೆ ಹೊಂದಿಕೊಂಡ ಸರ್ವರಿಗೋ ಗಡಿಯಾರ ಸರಿಮಾಡಿಕೊಂಡಿರಬೇಕು ಅಂತ. ಕಳ್ಳತನವಾದಾಗ ಯಾರ ಕಂಪ್ಯೂಟರಿನಲ್ಲಿ ಯಾವುದು ಮೊದಲು ನಡೀತು ಅಂತ ಹೇಳೋಕೆ ಟೈಮು ಒಂದೇ ಇರಬೇಡವೇ? ಮನೆಯವರಿಗೆ ಆ ಕಡ್ಡಾಯ ಇಲ್ಲ. ಆದರೆ ನೀವೂ ಹಾಕಿಕೊಳ್ಳಿ ಮೇಷ್ಟ್ರೇ, ನಮ್ಮದನ್ನ ನಾವೇ ಕೇಳದಿದ್ದರೆ ಹೇಗೆ.

ಬೆಂಗಳೂರಿಗೂ ಇದರಲ್ಲಿ ಪಾಲಿದೆ. ದೆಹಲಿಯ ಟೈಮನ್ನ ದೇಶಕ್ಕೆಲ್ಲ ಹಂಚೋಕೆ ಐದು ಊರುಗಳ ಅಳತೆ ಪ್ರಯೋಗಾಲಯಗಳನ್ನ ಆರಿಸಿಕೊಂಡಿದ್ದಾರೆ: ಅಹಮದಾಬಾದ್, ಭುವನೇಶ್ವರ, ಫರೀದಾಬಾದ್, ಗುವಾಹಟಿ, ಮತ್ತೆ ನಮ್ಮ ಬೆಂಗಳೂರು. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಇಸ್ರೋದ ನಾವಿಕ್ ಉಪಗ್ರಹಗಳ ಟೈಮು ಕಾಯೋ ಕೇಂದ್ರ ಇದೆ. ದಾರಿ ತೋರಿಸೋ ಉಪಗ್ರಹ ಅಂದರೆ ಆಕಾಶದಲ್ಲಿ ತೇಲೋ ಗಡಿಯಾರವೇ ತಾನೇ. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರ ಹೋಯ್ತು. ಅವತ್ತು ನನಗೆ ಆದ ಸಂತೋಷ ಹೇಳತೀರದು.

ಹಾಂ, ಕೊನೇದೊಂದು. ನಿಮ್ಮ ಮೊಮ್ಮಗ ಅದೇ ಕಂಪ್ಯೂಟರಿನಲ್ಲಿ ವಿಂಡೋಸಿನ ಜೊತೆ ಲಿನಕ್ಸೂ ಹಾಕಿದ್ದಾನೆ ಅಂದ್ರಲ್ಲ? ಹಾಗಿದ್ದರೆ ಗಮನ ಇಡಿ. ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ ಟೈಮು ಸರಿಯಾಗಿ ಐದೂವರೆ ಗಂಟೆ ಹಿಂದೆ ಕಂಡರೆ ಸೆಲ್ಲನ್ನ ಬಯ್ಯಬೇಡಿ, ಸರ್ವರನ್ನೂ ಬಯ್ಯಬೇಡಿ. ಬೋರ್ಡಿನ ಗಡಿಯಾರದಲ್ಲಿ ಲಿನಕ್ಸು ಯುಟಿಸಿ, ಅಂದರೆ ಲೋಕಕ್ಕೆಲ್ಲ ಒಂದೇ ಆದ ಟೈಮು, ಬರೆದಿಡುತ್ತೆ, ವಿಂಡೋಸು ಅದನ್ನೇ ನಮ್ಮೂರಿನ ಟೈಮು ಅಂತ ಓದುತ್ತೆ. ನಮಗೂ ಯುಟಿಸಿಗೂ ಇರೋ ದೂರವೇ ಐದೂವರೆ ಗಂಟೆ. ಬೇರೆ ಯಾವ ಅಂಕಿ ಬಂದರೂ ಬೇರೆ ಕಾರಣ ಹುಡುಕಿ, ಐದೂವರೆ ಬಂದರೆ ಇದೇ. ಎರಡರಲ್ಲಿ ಒಂದಕ್ಕೆ ಇನ್ನೊಂದರ ರೂಢಿ ಹೇಳಿಕೊಟ್ಟರೆ ಮುಗೀತು, ಹುಡುಗನಿಗೆ ಐದು ನಿಮಿಷದ ಕೆಲಸ. ಶಾಲೆಯಿಂದ ಬಂದ ಮೇಲೆ ಈ ಕಡೆ ಕಳಿಸಿ, ಎಲ್ಲಿ ಬದಲಾಯಿಸಬೇಕು ಅಂತ ತೋರಿಸ್ತೀನಿ.