ಎಮ್ಮೆಗೆ ಬರೆ

ಹೆಂಗಸರಿಗೆ ಎಡಗಣ್ಣು ಅದುರಿದರೆ ಶುಭ, ಬಲಗಣ್ಣು ಅದುರಿದರೆ ಅಶುಭ ಎಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಸುಂದರಕಾಂಡದಲ್ಲಿ ಹನುಮಂತ ಎದುರಿಗೆ ಬರುವ ಮೊದಲೇ ಸೀತಮ್ಮನ ಎಡಗಣ್ಣು ಅದುರಿ ಸಮಾಚಾರ ಮುಟ್ಟಿಸಿತ್ತು. ನನಗೂ ಮೊದಮೊದಲು ಅದುರಿದ್ದು ಎಡಗಣ್ಣೇ. ಪಿಂಚಣಿ ಅರಿಯರ್ಸ್ ಬರುತ್ತದೆ ಎಂದು ನಮ್ಮನೆಯವರು, ಸೈಟಿನ ಕೇಸು ನಮ್ಮ ಕಡೆ ಆಗುತ್ತದೆ ಎಂದು ಮಗ, ತಮತಮಗೆ ಬೇಕಾದ ಫಲ ಹೇಳಿಕೊಂಡರು. ಕೆಲವು ತಿಂಗಳಲ್ಲಿ ಬಲಗಣ್ಣೂ ಸೇರಿಕೊಂಡಿತು. ಎರಡೂ ಒಟ್ಟಿಗೆ ಅದುರಿದರೆ ಏನು ಫಲ ಎಂದು ಒಂಟಿಕೊಪ್ಪಲ್ ಪಂಚಾಂಗ ತಿರುವಿ ಹಾಕಿದರೂ ಸಿಗಲಿಲ್ಲ. ಜಮಾ ಖರ್ಚು ಸರಿಹೋಗಿ ಬಾಕಿ ಸೊನ್ನೆ ಎಂದು, ಬ್ಯಾಂಕಿನಲ್ಲಿ ಕೂದಲು ನರೆಸಿಕೊಂಡ ನಾನೇ ತೀರ್ಮಾನ ಕೊಟ್ಟೆ.

ನಿದ್ದೆಗೆಟ್ಟಾಗ, ಕಾಫಿ ಜಾಸ್ತಿಯಾದಾಗ ಕೆಳರೆಪ್ಪೆ ಪಟಪಟ ಅನ್ನುತ್ತದಲ್ಲ, ಅದು ಯಾರಿಗೂ ಬರಬಹುದು, ತಾನಾಗಿಯೇ ಹೋಗುತ್ತದೆ. ನನ್ನದು ಆ ಜಾತಿಯಲ್ಲ. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ತೆರೆ ಎಂದರೆ ತೆರೆಯುವುದಿಲ್ಲ. ಕಣ್ಣಿಗೇನೂ ಕೊರತೆಯಿಲ್ಲ. ಪೊರೆ ಇಲ್ಲ, ಪ್ರೆಷರ್ ಇಲ್ಲ, ಗೋಡೆಯ ಮೇಲಿನ ಚಾರ್ಟಿನ ಕೊನೆಯ ಸಾಲನ್ನೂ ಓದುತ್ತೇನೆ, ರೆಪ್ಪೆ ಅವಕಾಶ ಕೊಟ್ಟರೆ. ಬಿಸಿಲು, ಎದುರುಗಾಳಿ, ಟೀವಿ, ಸಣ್ಣ ಅಕ್ಷರ, ಯಾರಾದರೂ ಅವಸರ ಮಾಡುವುದು, ಯಾವುದಾದರೊಂದು ಸಾಕು ಬಾಗಿಲು ಹಾಕಿಕೊಳ್ಳಲು. ನಿದ್ದೆಯಲ್ಲಿ ಮಾತ್ರ ಒಂದು ಚೂರೂ ಅದುರುವುದಿಲ್ಲವಂತೆ. ಮುಚ್ಚಿರಲೇಬೇಕಾದ ಹೊತ್ತಿನಲ್ಲಿ ಅದಕ್ಕೆ ಮುಚ್ಚುವ ಹಟವಿಲ್ಲ.

ಇದರಿಂದ ಒಂದು ಲಾಭವಾಯಿತು. ರಾಮನವಮಿ ಕಛೇರಿಯಲ್ಲಿ ದೀಪದ ಝಗಮಗಕ್ಕೆ ಕಣ್ಣು ಮುಚ್ಚಿಕೊಂಡದ್ದು ಮಂಗಳದವರೆಗೂ ತೆರೆಯಲಿಲ್ಲ. ಪಕ್ಕದ ಕುರ್ಚಿಯ ಹಿರಿಯರು ಎದ್ದು ಹೋಗುವಾಗ, "ನಿಮ್ಮಂಥ ರಸಿಕರು ಈಗ ಎಲ್ಲಮ್ಮ ಸಿಗ್ತಾರೆ, ತೋಡಿ ಶುರುವಾದಾಗ ಮುಚ್ಚಿದ ಕಣ್ಣು!" ಎಂದು ಕೈಮುಗಿದರು. ಸಂಗೀತಸಭೆಯಲ್ಲಿ ನನಗೆ ಬಂದಿರುವ ಮರ್ಯಾದೆ ಇಂದಿಗೂ ಆ ತೋಡಿಯ ಬಡ್ಡಿಯೇ.

ಡಾಕ್ಟರ ಮುಂದೆ ಮಾತ್ರ ಈ ರೆಪ್ಪೆ ಮಹಾ ಸಂಭಾವಿತ. ಹೊರಗೆ ಬೆಂಚಿನ ಮೇಲೆ ತಡಕಾಡುತ್ತ ಕೂತವಳು ಒಳಗೆ ಹೋದೊಡನೆ ಕಣ್ಣರಳಿಸಿ ಮಾತಾಡುತ್ತಿದ್ದೆ. ಮನಸ್ಸು ಒಂದು ಕಡೆ ನಿಂತಾಗ ಸ್ವಲ್ಪ ಹೊತ್ತು ಹೀಗೆ ಬಿಡುವು ಸಿಗುವುದು ಈ ಕಾಯಿಲೆಯ ಸ್ವಭಾವವೇ ಅಂತೆ. ಅದು ತಿಳಿಯುವವರೆಗೆ ಒಬ್ಬರು ಕಣ್ಣು ಒಣಗಿದೆ ಎಂದು ಡ್ರಾಪ್ಸ್ ಬರೆದರು, ಇನ್ನೊಬ್ಬರು "ಮನೆಯಲ್ಲಿ ಸೊಸೆ ಜೊತೆ ಹೇಗಿದ್ದೀರಿ?" ಎಂದು ಕೇಳಿದರು. ಸೊಸೆ ಪಕ್ಕದಲ್ಲೇ ಇದ್ದಳು. ಕೊನೆಗೆ ನಮ್ಮನೆಯವರು ನಾನು ಗೇಟಿನ ಹತ್ತಿರ ಕಣ್ಣು ಬಿಡಲಾರದೆ ನಿಂತಿದ್ದನ್ನು ಮೊಬೈಲಿನಲ್ಲಿ ಹಿಡಿದು ಬೆಂಗಳೂರಿನ ಒಬ್ಬ ನರರೋಗ ತಜ್ಞರಿಗೆ ತೋರಿಸಿದರು. ಅವರು ಅರ್ಧ ನೋಡುತ್ತಲೇ "ಬ್ಲೆಫರೊಸ್ಪಾಸಂ" ಎಂದರು.

ಐವತ್ತು ಅರವತ್ತರ ಆಚೀಚೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚಾಗಿ ಬರುವ ಕಾಯಿಲೆಯಂತೆ. ಫ್ರಾನ್ಸಿನ ಆನ್ರಿ ಮೇಜ್ ಎಂಬ ವೈದ್ಯ 1910ರಲ್ಲೇ ಕಣ್ಣಿನ ಜೊತೆ ದವಡೆಯೂ ಸೆಳೆಯುವ ಇದರ ಅಣ್ಣನನ್ನು ವಿವರಿಸಿದ್ದ. ಆದರೂ ಬಹಳ ಕಾಲ ಇದನ್ನು ಮನಸ್ಸಿನ ಕಾಯಿಲೆಗಳ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದರು. 1976ರಲ್ಲಿ ಲಂಡನ್ನಿನ ಡೇವಿಡ್ ಮಾರ್ಸ್ಡನ್ ಇದು ಮಿದುಳಿನದೇ ತೊಂದರೆ ಎಂದು ವಾದಿಸಿದರು. ಬಾಯಿ ಆಕಳಿಸಿಕೊಂಡು ಕಣ್ಣು ಹಿಂಡಿಕೊಂಡಿರುವ ಒಬ್ಬನ ಹದಿನಾರನೇ ಶತಮಾನದ ಚಿತ್ರವಿದೆ, ಬ್ರೂಗೆಲ್‌ನದು. ಮಾರ್ಸ್ಡನ್ ದವಡೆಯೂ ಸೆಳೆಯುವ ಆ ದೊಡ್ಡ ಕಾಯಿಲೆಗೆ ಚಿತ್ರಕಾರನ ಹೆಸರನ್ನೇ ಇಟ್ಟರು. ನಮ್ಮನೆಯವರು ಆ ಚಿತ್ರವನ್ನು ಫೋನಿನಲ್ಲಿ ಹುಡುಕಿ ತೆಗೆದು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಮೂವತ್ತೈದು ವರ್ಷದ ಸಂಸಾರ ಕಲಿಸುವುದು ಇದನ್ನೇ.

"ಅಮ್ಮ, ನಿಮ್ಮ ರೆಪ್ಪೆ ಪಾಪದ್ದು. ಮಿದುಳಿನ ಒಳಗಡೆ, ಚಲನೆಯ ಹದ ನೋಡಿಕೊಳ್ಳೋ ಜಾಗದಿಂದ ತಪ್ಪು ಆರ್ಡರ್ ಬರ್ತಿದೆ. ರೆಪ್ಪೆ ವಿಧೇಯವಾಗಿ ಮುಚ್ಕೋತಿದೆ, ಅಷ್ಟೇ," ಎಂದರು ಡಾಕ್ಟರು.

"ಹಾಗಾದರೆ ಮದ್ದು ಎಲ್ಲಿಗೆ?"

"ರೆಪ್ಪೆಗೆ."

ಹೊರಗೆ ಬಂದ ಮೇಲೆ ನಮ್ಮನೆಯವರು, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಬೆಂಗಳೂರಿಗೆ ಹೋಗುವ ದಿನಕ್ಕೆ ಬರೆ ದಿನ ಎಂದೇ ಹೆಸರು.

ಬರೆ ಎಂದರೆ ಬೊಟಾಕ್ಸ್. ಮಲಗಿಸಿ, ಐಸ್ ಒತ್ತಿ, "ಗಟ್ಟಿಯಾಗಿ ಮುಚ್ಚಿ" ಎನ್ನುತ್ತಾರೆ. ಆಗ ಎಲ್ಲಿ ಸ್ನಾಯು ಗಂಟು ಕಟ್ಟುತ್ತದೋ ಗುರುತಿಟ್ಟು ಕೂದಲೆಳೆಯಂಥ ಸೂಜಿಯಲ್ಲಿ ಒಂದೊಂದು ಕಡೆ ಒಂದೂಕಾಲೋ ಎರಡೂವರೆಯೋ ಯೂನಿಟ್ ಬಿಡುತ್ತಾರೆ. ಚುಚ್ಚಿದಲ್ಲೆಲ್ಲ ಸಾಬೂದಾನಿ ಕಾಳಿನಷ್ಟು ಉಬ್ಬು ಎದ್ದು ಇಳಿಯುತ್ತದೆ. ಎರಡು ಮೂರು ದಿನಕ್ಕೆ ಹಿಡಿತ ಸಡಿಲವಾಗತೊಡಗುತ್ತದೆ, ಎರಡು ವಾರಕ್ಕೆ ನಾನು ಮನುಷ್ಯಳು, ಮೂರು ತಿಂಗಳಾಗುವ ಹೊತ್ತಿಗೆ ಮತ್ತೆ ರಸಿಕಳು. ಒಮ್ಮೊಮ್ಮೆ ಮದ್ದು ಪಕ್ಕಕ್ಕೆ ಸರಿದು ಮೇಲಿನ ರೆಪ್ಪೆ ಜೋಲುತ್ತದೆ, ಅದೂ ವಾರಗಳಲ್ಲಿ ಸರಿಯಾಗುತ್ತದೆ.

ಈ ಮದ್ದಿನ ಪೂರ್ವೋತ್ತರವನ್ನು ಅತ್ತಿಗೆಯ ಮುಂದೆ ಹೇಳಬಾರದಿತ್ತು ಎಂದು ನಮ್ಮನೆಯವರಿಗೆ ಈಗಲೂ ಅನಿಸುತ್ತದೆ. ಜರ್ಮನಿಯಲ್ಲಿ ಯುಸ್ಟಿನಸ್ ಕೆರ್ನರ್ ಎಂಬ ವೈದ್ಯನಿದ್ದ, ಕವಿಯೂ ಹೌದು. ಕೆಟ್ಟ ಸಾಸೇಜ್ ತಿಂದು ಜನ ಸಾಯುವುದನ್ನು ನೋಡಿ 1820 ಮತ್ತು 1822ರಲ್ಲಿ ಅದರ ಮೇಲೆ ಬರೆದ. ಕವಿಯಾದ್ದರಿಂದಲೋ ಏನೋ, ಆ ವಿಷವನ್ನು ತಾನೇ ರುಚಿಯೂ ನೋಡಿದ. ಎಳ್ಳಷ್ಟು ಕೊಟ್ಟರೆ ಹುಚ್ಚೆದ್ದ ನರಗಳಿಗೆ ಇದೇ ಔಷಧವಾದೀತು ಎಂದು ಊಹಿಸಿದವನೂ ಅವನೇ. 1895ರಲ್ಲಿ ಬೆಲ್ಜಿಯಂನ ಒಂದು ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದ ಬ್ಯಾಂಡಿನವರು ಹಂದಿಮಾಂಸದ ಊಟ ಮಾಡಿ ಮಲಗಿದರು, ಮೂವರು ಏಳಲಿಲ್ಲ. ಆ ಮಾಂಸದಲ್ಲೇ ವಿಷದ ಸೂಕ್ಷ್ಮಾಣು ಸಿಕ್ಕಿತು. ಅದರ ವಿಷವನ್ನು ಮೆಳ್ಳೆಗಣ್ಣಿಗೆ ಮದ್ದಾಗಿ ಪಳಗಿಸಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಅಲನ್ ಸ್ಕಾಟ್. 1989ರಲ್ಲಿ ಅಮೆರಿಕ ಸರ್ಕಾರ ಮೆಳ್ಳೆಗಣ್ಣಿನ ಜೊತೆಗೆ ನಮ್ಮಂಥ ರೆಪ್ಪೆಯವರಿಗೂ ಒಪ್ಪಿಗೆ ಕೊಟ್ಟಿತು.

ಅತ್ತಿಗೆ ಕೇಳಿದ್ದು ಒಂದೇ. "ಹಂದಿದಾ?"

ಈಗ ಪ್ರಯೋಗಾಲಯದಲ್ಲಿ ಬೆಳೆಸುತ್ತಾರೆ, ಹಂದಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಎಷ್ಟು ಹೇಳಿದರೂ, ಚುಚ್ಚಿಸಿಕೊಂಡು ಬಂದ ದಿನ ಅವರು ನನಗೆ ದೇವರಮನೆಯ ಹೊಸಿಲಿನ ಈಚೆ ಮಣೆ ಹಾಕುತ್ತಾರೆ.

ಇನ್ಶೂರೆನ್ಸಿನವರ ಮಡಿ ಬೇರೆ ತರಹದ್ದು. ಬೊಟಾಕ್ಸ್ ಎಂಬ ಹೆಸರು ಕಂಡೊಡನೆ, ಸೌಂದರ್ಯಕ್ಕೆ ಮಾಡಿಸಿಕೊಂಡ ಚಿಕಿತ್ಸೆಗೆ ಹಣ ಬರುವುದಿಲ್ಲ ಎಂದು ಬರೆದರು. ಅರವತ್ತಮೂರರ ನನ್ನ ಆಧಾರ್ ಫೋಟೋ ಲಗತ್ತಿಸಿ, ಸೌಂದರ್ಯದ ಉದ್ದೇಶ ಎಷ್ಟರಮಟ್ಟಿಗೆ ಕೈಗೂಡಿದೆ ನೀವೇ ನೋಡಿ ಎಂದು ಉತ್ತರ ಬರೆಯಬೇಕೆಂದಿದ್ದೆ. ಸೊಸೆ ತಡೆದಳು. ತಮಾಷೆಯೆಂದರೆ, ಆ ಸೌಂದರ್ಯದ ವ್ಯಾಪಾರ ಹುಟ್ಟಿದ್ದೇ ನನ್ನಂಥ ಒಬ್ಬಳ ಮುಖದಲ್ಲಿ. ಕೆನಡಾದ ವ್ಯಾಂಕೂವರಿನಲ್ಲಿ ಜೀನ್ ಕರೂಥರ್ಸ್ ಎಂಬ ಕಣ್ಣಿನ ಡಾಕ್ಟರು ಇದೇ ಕಾಯಿಲೆಯ ಹೆಂಗಸಿಗೆ ಚುಚ್ಚುತ್ತಿದ್ದಾಗ ಆಕೆ, ಹುಬ್ಬಿನ ನಡುವೆ ಯಾಕೆ ಚುಚ್ಚಲಿಲ್ಲ, ಅಲ್ಲಿ ಚುಚ್ಚಿದಾಗಲೇ ನನ್ನ ಮುಖದ ಗಂಟು ಬಿಚ್ಚೋದು ಎಂದು ತಕರಾರು ತೆಗೆದಳಂತೆ. ಜೀನ್ ಗಂಡ ಅಲಸ್ಟೇರ್ ಚರ್ಮದ ಡಾಕ್ಟರು. ಆ ರಾತ್ರಿ ಊಟದ ಹೊತ್ತಿನ ಮಾತು ಏನಿತ್ತೆಂದು ಊಹಿಸಬಹುದು. ಮೊದಲು ತಮ್ಮ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಹಣೆಯ ಮೇಲೆ ಪ್ರಯೋಗ ಮಾಡಿದರು, 1992ರಲ್ಲಿ ಲೇಖನ ಬಂತು, ಆಮೇಲೆ ಸಿನಿಮಾ ತಾರೆಯರೆಲ್ಲ ನಮ್ಮ ಮದ್ದಿಗೆ ಕ್ಯೂ ನಿಂತರು.

ಇಂಜೆಕ್ಷನ್ನು ಮೊದಲಿನಷ್ಟು ನಾಟುತ್ತಿಲ್ಲ ಅನ್ನಿಸತೊಡಗಿದಾಗ ಆಪರೇಷನ್ನಿನ ಮಾತು ಬಂತು. ರೆಪ್ಪೆಯ ಸರ್ಜನ್ನು ಚೀಟಿಯ ಹಿಂದೆ ಒಂದು ಕಣ್ಣು ಬರೆದು, ಸುತ್ತ ಉಂಗುರದ ಮೇಲೆ ಉಂಗುರ ಎಳೆದರು. ಇದು ಮುಚ್ಚುವ ಸ್ನಾಯು. ರೆಪ್ಪೆಯ ಮಡಿಕೆಯಲ್ಲೇ ಕೊಯ್ದು ಇದರ ಬಹುಭಾಗ ತೆಗೆದುಬಿಡುವುದು, ಮೈಎಕ್ಟಮಿ. ಗುರುತು ಮಡಿಕೆಯಲ್ಲಿ ಅಡಗುತ್ತದೆ. ಊತ ತಿಂಗಳುಗಟ್ಟಲೆ ಇರಬಹುದು, ಹಣೆ ಜೋಮು ಹಿಡಿದಂತಾಗಬಹುದು, ರಾತ್ರಿ ರೆಪ್ಪೆ ಪೂರ್ತಿ ಕೂಡದೆ ಕಣ್ಣು ಒಣಗಿ ಮುಲಾಮು ಹಚ್ಚಬೇಕಾಗಬಹುದು. ಹಿಂದೆ ಮುಖದ ನರವನ್ನೇ ಕತ್ತರಿಸುತ್ತಿದ್ದರಂತೆ, ಅದಕ್ಕಿಂತ ಇದು ವಾಸಿ.

"ಆಮೇಲೆ ಇಂಜೆಕ್ಷನ್ ಬೇಡ ತಾನೆ?"

"ಬೇಕಾಗಬಹುದು. ಕಡಿಮೆ ಬೇಕಾಗಬಹುದು."

ಇಷ್ಟು ಬಾಯಿಬಿಟ್ಟು ಹೇಳುವ ಸರ್ಜನ್ನರ ಮೇಲೆ ಗೌರವ ಹುಟ್ಟುತ್ತದೆ, ಧೈರ್ಯ ಹುಟ್ಟುವುದಿಲ್ಲ. ಇನ್ನೊಂದು ತರಹದವರೂ ಇದ್ದಾರಂತೆ. ಅವರಿಗೆ ಮುಚ್ಚುವ ಹಟಕ್ಕಿಂತ ತೆರೆಯುವುದೇ ಮರೆತುಹೋಗಿರುತ್ತದೆ. ಅಂಥವರ ರೆಪ್ಪೆಗೆ ಸಿಲಿಕಾನ್ ದಾರ ಪೋಣಿಸಿ ಹುಬ್ಬಿನ ಸ್ನಾಯುವಿಗೆ ಕಟ್ಟುತ್ತಾರೆ, ಹುಬ್ಬೇರಿಸಿದರೆ ಕಣ್ಣು ತೆರೆಯುತ್ತದೆ. ನನ್ನದು ಬಹುಪಾಲು ಹಟದ್ದು ಎಂದರು. ಮಗ ಎಲ್ಲೋ ಓದಿಕೊಂಡು ಬಂದು, ಕಾಯಿಲೆ ವಿಪರೀತವಾದವರಿಗೆ ತಲೆಬುರುಡೆಗೆ ತೂತು ಕೊರೆದು ಮಿದುಳಿಗೇ ತಂತಿ ಇಳಿಸುವ ಚಿಕಿತ್ಸೆಯೂ ಇದೆ ಎಂದ. ಎತ್ತಿಗೇ ಬರೆ! ಆವತ್ತಿನಿಂದ ನಮ್ಮನೆಯಲ್ಲಿ ಎಮ್ಮೆಯ ಬಗ್ಗೆ ಗೌರವ ಹೆಚ್ಚಾಯಿತು.

ಸಲಹೆಗೆ ಬರವಿರಲಿಲ್ಲ. ಕೆಇಬಿಯಲ್ಲಿದ್ದ ನಮ್ಮನೆಯವರು, ಪದೇಪದೇ ಟ್ರಿಪ್ ಆಗುವ ಲೈನನ್ನು ಕಿತ್ತುಹಾಕಬೇಕು ಎಂದರು. ಅತ್ತಿಗೆ, ಕಣ್ಣಿನ ಹತ್ತಿರ ಕತ್ತಿ ಬೇಡ ಎಂದರು. ಎದುರುಮನೆ ಯೋಗದ ಮೇಷ್ಟ್ರು, ದೀಪದ ಕುಡಿಯನ್ನು ರೆಪ್ಪೆ ಬಡಿಯದೆ ನೋಡುವ ತ್ರಾಟಕ ಮಾಡಿ ಎಂದರು. ಅದು ಸಾಧ್ಯವಿದ್ದರೆ ನಾನೇ ಕ್ಲಾಸು ತೆಗೆಯುತ್ತಿದ್ದೆ. ಮನೆಗೆಲಸದ ಜಯಮ್ಮ ಮಾತ್ರ ಮಾತಿಗೆ ನಿಲ್ಲದೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಮನೆಯವರೆಲ್ಲರ ಕಣ್ಣೂ ಮುಚ್ಚಿತು. ಹಾಗಾದರೂ ನನ್ನ ಸ್ಥಿತಿ ಅವರಿಗೆ ಅರ್ಥವಾಯಿತಲ್ಲ ಎಂದು ಜಯಮ್ಮನಿಗೆ ಕಾಫಿ ಕೊಟ್ಟೆ.

ನನಗಿದ್ದ ಅಳುಕು ಕತ್ತಿಯದಲ್ಲ, ಮುಚ್ಚುವುದನ್ನು ಬಿಟ್ಟುಕೊಡುವುದರದ್ದು. ತೆರೆಯಲು ಆಗುತ್ತಿಲ್ಲ ಎಂದು ಅಳುತ್ತಿದ್ದವಳಿಗೆ, ಮುಚ್ಚುವ ಸುಖ ಎಷ್ಟಿದೆ ಎಂದು ಆಗ ಹೊಳೆಯಿತು. ಊದುಬತ್ತಿಯ ಹೊಗೆ, ಈರುಳ್ಳಿ, ಬಸ್ಸಿನ ಕಿಟಕಿಯ ಧೂಳು, ತೀರ್ಥ ತಗೊಂಡು ಕಣ್ಣಿಗೊತ್ತಿಕೊಳ್ಳುವ ಗಳಿಗೆ, ನೆಂಟರ ಮಕ್ಕಳ ಭರತನಾಟ್ಯದ ವಿಡಿಯೋ. ದಮಯಂತಿಯ ಸ್ವಯಂವರದಲ್ಲಿ ಐದು ಜನ ನಳರು ಸಾಲಾಗಿ ಕೂತಿದ್ದಾಗ ಅವಳು ನಿಜವಾದವನನ್ನು ಗುರುತು ಹಿಡಿದದ್ದು, ಬೆವರು, ಧೂಳು, ಬಾಡಿದ ಹೂವಿನ ಜೊತೆಗೆ, ಬಡಿಯುವ ರೆಪ್ಪೆಯಿಂದ. ಮಿಕ್ಕವರು ದೇವತೆಗಳು, ಅವರಿಗೆ ರೆಪ್ಪೆ ಬಡಿಯುವ ಪಾಡಿಲ್ಲ. ಆಪರೇಷನ್ನು ಒಂದು ಕೂದಲು ಜಾಸ್ತಿ ಗೆದ್ದರೆ ನನ್ನನ್ನು ಇಂದ್ರನ ಪಕ್ಕ ಕೂರಿಸಿಬಿಟ್ಟಾರು. ಕೆಳಗಿನವರೇ ಕ್ಷೇಮ, ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತದೆ.

ಹಾಗೆಂದು ಮಾಡಿಸಿಕೊಂಡವರು ದಡ್ಡರಲ್ಲ. ಬೊಟಾಕ್ಸ್ ನಾಟದೇ ಇದ್ದು, ಬಚ್ಚಲಿಗೆ ಹೋಗಲೂ ಗೋಡೆ ತಡವುವ ಸ್ಥಿತಿಯಲ್ಲಿದ್ದರೆ ನಾನೂ ಇಂದೇ ಸಹಿ ಹಾಕುತ್ತೇನೆ. ನನ್ನ ಹತ್ತಿರ ಇನ್ನೂ ಕೆಲವು ಉಪಾಯಗಳಿವೆ. ಅದರಲ್ಲಿ ದೊಡ್ಡದು ಹಾಡು. ಗುನುಗಿದರೆ ನನ್ನ ಕಣ್ಣು ತೆರೆಯುತ್ತದೆ! ಕೆಲವರಿಗೆ ಕಣತಲೆ ಮುಟ್ಟಿಕೊಂಡರೆ, ಕೆಲವರಿಗೆ ಏನಾದರೂ ಅಗಿದರೆ, ಸಿಳ್ಳೆ ಹಾಕಿದರೆ ಬಿಡುತ್ತದಂತೆ. ಡಾಕ್ಟರುಗಳಿಗೆ ಈ ಚಮತ್ಕಾರ ಗೊತ್ತಿರುವುದೇ. ದೇವರಾಜ ಮಾರ್ಕೆಟ್ಟಿನ ಮುಂದೆ ರಸ್ತೆ ದಾಟುವಾಗ ನಾನು ಹಂಸಧ್ವನಿ ಗುನುಗುತ್ತೇನೆ, ನಮ್ಮನೆಯವರು ಗುರುತಿಲ್ಲದವರ ಹಾಗೆ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಾರೆ.

ನರರೋಗದ ಡಾಕ್ಟರಿಗೆ ಇಷ್ಟೂ ಹೇಳಿದೆ. ಕತ್ತಿಗೆ ಮೊದಲು ಸೂಜಿಯ ಜಾಗ ಬದಲಾಯಿಸಿ ನೋಡೋಣ ಎಂದು, ಈ ಸಲ ರೆಪ್ಪೆಗೂದಲಿನ ಅಂಚಿಗೆ ಹತ್ತಿರ ಚುಚ್ಚಿದರು. ನೋವು ಜಾಸ್ತಿ, ಗುಣವೂ ಜಾಸ್ತಿ. ಸರ್ಜನ್ನರ ಚೀಟಿ ಬೀರುವಿನಲ್ಲಿದೆ, ಹರಿದಿಲ್ಲ.

ಅಣ್ಣನ ಮಗಳ ಮದುವೆಗೆ ಪುರೋಹಿತರು ಏಪ್ರಿಲ್ಲಿನಲ್ಲೊಂದು, ಮೇನಲ್ಲೊಂದು ಮುಹೂರ್ತ ಬರೆದುಕೊಟ್ಟರು. ಅತ್ತಿಗೆ ಎರಡನ್ನೂ ಫೋನಿನಲ್ಲಿ ಓದಿ, "ನಿನ್ನ ಹಂದಿ ಮದ್ದು ಯಾವುದಕ್ಕೆ ಸರಿಯಾಗುತ್ತೆ ಕೇಳಿ ಹೇಳು, ಧಾರೆ ಹೊತ್ತಿಗೆ ಅತ್ತೆ ಕಣ್ಣು ಮುಚ್ಕೊಂಡು ನಿಂತರೆ ಬೀಗರು ಏನಂದ್ಕೋತಾರೆ," ಎಂದರು. ಆಸ್ಪತ್ರೆಗೆ ಫೋನು ಮಾಡಿದೆ. ನರ್ಸಮ್ಮ ರಿಜಿಸ್ಟರು ನೋಡಿ, ಬೆರಳು ಮಡಿಚಿ ವಾರ ಎಣಿಸಿ, "ಮೇ ಎಂಟು ಪ್ರಶಸ್ತವಾಗಿದೆ ಅಮ್ಮ" ಎಂದಳು. ಮದುವೆ ಎಂಟಕ್ಕೇ ಗೊತ್ತಾಗಿದೆ. ಬೆಳಗ್ಗೆ ಒಂಬತ್ತೂವರೆ, ಮಿಥುನ ಲಗ್ನ.