ಮೇಟ್ ಅಂದರೆ ಸಣ್ಣ ಮಾತಲ್ಲ

ಅಲ್ಲ ಅಕ್ಕಾ, ನಿಮ್ಮ ಮಗ ಮೆಲ್ಬರ್ನಿನಲ್ಲಿ ಬಸ್ ಡ್ರೈವರನ್ನೂ ತರಕಾರಿ ಅಂಗಡಿಯವನನ್ನೂ ‘ಮೇಟ್’ ಅಂತಾನೆ, ಹಿರಿಯರು ಕಿರಿಯರು ಅನ್ನೋದೇ ಮರೆತ ಅಂತ ಬೇಜಾರು ಮಾಡ್ಕೋಬೇಡಿ. ಗುರುತಿಲ್ಲದ ಆಟೊದವರನ್ನು ನಾವು ‘ಅಣ್ಣಾ’ ಅನ್ನೋದಿಲ್ವೆ, ಅಲ್ಲಿ ಅವರಿಗೆ ಇದು. 2005ರಲ್ಲಿ ಕ್ಯಾನ್‌ಬೆರಾದ ಪಾರ್ಲಿಮೆಂಟ್ ಭವನದಲ್ಲಿ, ಕಾವಲಿನವರು ಬಂದವರನ್ನು ಮೇಟ್ ಅಂತ ಕರೆಯಕೂಡದು ಅಂತ ಆಜ್ಞೆ ಹೊರಟಿತ್ತು. ಜನ ಸುಮ್ಮನಿರ್ತಾರೆಯೆ? ಪ್ರಧಾನಿ ಜಾನ್ ಹೋವರ್ಡ್ ಅವರೇ ಅದು ಅಸಂಬದ್ಧ ಅಂದರು. ಒಂದು ದಿನ ಕಳೆಯೋದರೊಳಗೆ ಆಜ್ಞೆ ವಾಪಸಾಯಿತು. ಅಷ್ಟು ಪ್ರೀತಿ ಅವರಿಗೆ ಆ ಮಾತಿನ ಮೇಲೆ.

ಪ್ರೀತಿ ಇರಬೇಕಾದ್ದೇ. ಉತ್ತರ ಜರ್ಮನಿಯ ಕಡೆಯಿಂದ ಇಂಗ್ಲಿಷಿಗೆ ಬಂದ ಮಾತು ಅದು, ಒಟ್ಟಿಗೆ ಕೂತು ಉಣ್ಣುವವನು ಅಂತ ಅರ್ಥ. ಇಂಗ್ಲಿಷಿನ ‘ಮೀಟ್’ ಈಗ ಬರೀ ಮಾಂಸ. ಮೊದಲು ಯಾವ ಊಟಕ್ಕೂ ಅದೇ ಹೆಸರಿತ್ತು, ಮೇಟ್ ಅದರ ನಂಟು. ‘ಕಂಪ್ಯಾನಿಯನ್’ ಕೂಡ ಹಾಗೇ. ಲ್ಯಾಟಿನ್ನಿನಲ್ಲಿ ‘ಪಾನಿಸ್’ ಅಂದರೆ ರೊಟ್ಟಿ. ಒಂದೇ ರೊಟ್ಟಿ ಮುರಿದುಕೊಂಡು ತಿಂದವನು ಕಂಪ್ಯಾನಿಯನ್. ನಮ್ಮ ಹುಡುಗರು ದುಡಿಯೋ ‘ಕಂಪನಿ’ಯ ಒಳಗೂ ಅದೇ ರೊಟ್ಟಿ ಇದೆ. ಮೊನ್ನೆ ಮಕ್ಕಳು ತರಿಸಿಕೊಂಡು ತಿಂದರಲ್ಲ ಪಾವ್ ಭಾಜಿ, ಆ ಪಾವ್ ಕೂಡ ಪೋರ್ಚುಗೀಸರ ಕೈಹಿಡಿದು ಬಂದ ಅದೇ ಪಾನಿಸ್. ಉಂಡ ಋಣ ಅಂತ ನಾವು ಸುಮ್ಮನೆ ಅನ್ನೋದಿಲ್ಲ. ಅವರೂ ಅದನ್ನು ಮರೀಲಿಲ್ಲ.

ಊಟ ಆದಮೇಲೆ ಮಲಗೋ ಜಾಗ. ಹದಿನೇಳನೇ ಶತಮಾನದ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ಒಂದೇ ಕೋಣೆಯಲ್ಲಿರುವವನನ್ನು ‘ಚಮ್’ ಅಂತಿದ್ದರು. ‘ಚೇಂಬರ್’ ಅನ್ನೋದನ್ನೇ ಮೊಟಕು ಮಾಡಿಕೊಂಡದ್ದು ಅಂತ ಪಂಡಿತರ ಊಹೆ. ‘ಕಾಮ್ರೇಡ್’ ಅಂತ ನಮ್ಮ ಕಾರ್ಮಿಕ ಸಂಘದವರು ಮೆರವಣಿಗೆಯಲ್ಲಿ ಕೂಗ್ತಾರಲ್ಲ, ಅದೂ ಸ್ಪೇನಿನ ಸಿಪಾಯಿಗಳ ಕೋಣೆಯಿಂದ ಹೊರಟದ್ದೇ: ಒಂದೇ ಸೂರಿನಡಿ ಮಲಗೆದ್ದವರು. ನೀವು ಹಾಸ್ಟೆಲ್ಲಿನ ಮಾತು ಬಂದಾಗಲೆಲ್ಲ ಹೇಳ್ತೀರಲ್ಲ, ಒಂದು ಸೀಸೆ ಕೊಬ್ಬರಿ ಎಣ್ಣೆ ಇಬ್ಬರಿಗೂ, ಊರಿಂದ ಚಕ್ಕುಲಿ ಡಬ್ಬ ಬಂದರೆ ರಾತ್ರಿ ಲೈಟು ಆರಿಸಿಕೊಂಡು ಶಬ್ದ ಆಗದ ಹಾಗೆ ಕಡಿಯೋದು ಅಂತ. ನಿಮ್ಮ ಆ ಗೆಳತಿ ಚಮ್ ಅಲ್ಲದೆ ಇನ್ನೇನು!

‘ಫೆಲೋ’ದ ಕಥೆ ಬೇರೆ. ಹಳೇ ನಾರ್ಸ್ ಭಾಷೆಯಲ್ಲಿ ಅದು ದುಡ್ಡಿನ ಪಾಲುದಾರ. ನಮ್ಮಲ್ಲಿ ‘ಆ ಫೆಲೋ’ ಅಂದರೆ ಬೈಗುಳ, ರಾಯಲ್ ಸೊಸೈಟಿಯ ಫೆಲೋ ಅಂದರೆ ಕಿರೀಟ. 1918ರಲ್ಲಿ ಶ್ರೀನಿವಾಸ ರಾಮಾನುಜನ್ ಅವರಿಗೆ ಸಿಕ್ಕಿದ್ದು ಆ ಕಿರೀಟವೇ.

ನನಗೆ ಸಂಕಟ ಆಗೋದು ‘ಕ್ರೋನಿ’ ಬಗ್ಗೆ. ಕೇಂಬ್ರಿಜ್ ಹುಡುಗರು ಗ್ರೀಕಿನಿಂದ ಎತ್ತಿಕೊಂಡ ಮಾತಂತೆ ಅದು, ಬಹುಕಾಲದವನು ಅಂತ. 1665ರಲ್ಲಿ ಲಂಡನ್ನಿನ ಸ್ಯಾಮುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಶಾಲೆಯ ಹಳೇ ಗೆಳೆಯನನ್ನು ಅಕ್ಕರೆಯಿಂದ ಹಾಗೆ ಕರೆದಿದ್ದಾನೆ. ಈಗ ಪೇಪರಿನಲ್ಲಿ ‘ಕ್ರೋನಿ ಕ್ಯಾಪಿಟಲಿಸಂ’ ಬಿಟ್ಟರೆ ಅದಕ್ಕೆ ಬಾಳೇ ಇಲ್ಲ. ಬಾಲ್ಯದ ಗೆಳೆತನದ ಹೆಸರು ಗುತ್ತಿಗೆ ಹೊಡೆಯೋರ ಪಾಲಾಯಿತು.

ಹ್ಞಾಂ, ‘ಪಾಲ್’. ಪೆನ್ ಪಾಲ್ ಅಂತ ನಾವೆಲ್ಲ ಕೇಳಿದ್ದೇವಲ್ಲ, ಆ ಪಾಲ್. ಇದು ಇಂಗ್ಲಿಷರದ್ದೇ ಅಲ್ಲ, ಅಲ್ಲಿನ ಅಲೆಮಾರಿ ರೋಮಾ ಜನರದ್ದು. ಈ ಜನ ಸುಮಾರು ಸಾವಿರ ವರ್ಷದ ಹಿಂದೆ ನಮ್ಮ ದೇಶದ ಉತ್ತರದ ಕಡೆಯಿಂದ ಹೊರಟು ಹೋದವರು. ನೀರಿಗೆ ಅವರು ಈಗಲೂ ‘ಪಾನಿ’ ಅಂತಾರೆ. ಸಂಸ್ಕೃತದ ‘ಭ್ರಾತೃ’ ಅವರ ಬಾಯಲ್ಲಿ ‘ಫ್ರಲ್’ ಆಗಿ, ಇಂಗ್ಲೆಂಡಿಗೆ ಹೋದಮೇಲೆ ‘ಪಾಲ್’ ಆಯಿತು. ಅಣ್ಣ ತಮ್ಮ ಅಂತಲೇ ಅರ್ಥ. ಅಂದಮೇಲೆ ನಿಮ್ಮ ಮಗ ಯಾರನ್ನಾದರೂ ಪಾಲ್ ಅಂದರೆ ಅವನು ಅಣ್ಣಾ ಅಂದ ಹಾಗೇ ಆಯಿತಲ್ಲ ಅಕ್ಕಾ.

ಆ ಜನ ಅಲ್ಲಿ ಪಟ್ಟ ಪಾಡು ಮಾತ್ರ ಹೇಳಬಾರದು. ಈಜಿಪ್ಟಿನಿಂದ ಬಂದವರು ಅಂತ ತಪ್ಪು ತಿಳಿದು 1530ರಲ್ಲಿ ಎಂಟನೇ ಹೆನ್ರಿ ದೊರೆ ಇವರನ್ನು ದೇಶ ಬಿಟ್ಟು ಓಡಿಸೋ ಕಾನೂನು ತಂದ. 1554ರಲ್ಲಿ ಇನ್ನೊಂದು ಬಂತು: ಹೋಗದೆ ಉಳಿದರೆ ಮರಣದಂಡನೆ. ಮುಂದಿನ ಶತಮಾನದಲ್ಲೇ ಊರವರು ತಮ್ಮ ಗೆಳೆಯರನ್ನು ಕರೆಯೋಕೆ ಆ ಅಲೆಮಾರಿಗಳ ಮಾತನ್ನೇ ಎರವಲು ತಗೊಂಡಿದ್ದರು. ಯಾವ ಪಾರ್ಲಿಮೆಂಟೂ ಕೊಡಲಿಲ್ಲ ಅದನ್ನು. ಸಂತೆಯಲ್ಲೋ ಕುದುರೆ ವ್ಯಾಪಾರದಲ್ಲೋ ಎದುರಾಬದುರು ನಿಂತ ಇಬ್ಬರು ಕೊಟ್ಟು ತಗೊಂಡಿರಬೇಕು.