ಕಂಪೇರ್ ರಾಯರ ಶ್ವಾನಶೋಧ

ನಮ್ಮ ಅಪಾರ್ಟ್‌ಮೆಂಟಿನ 304ರ ರಾಯರಿಗೆ ತಂದೆ-ತಾಯಿ ಇಟ್ಟ ಹೆಸರು ಬೇರೆಯೇ ಇದೆ. ಅದು ಈಗ ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿದೆ. ವಾಚ್‌ಮನ್‌ನಿಂದ ಹಿಡಿದು ಅಸೋಸಿಯೇಷನ್ ಸೆಕ್ರೆಟರಿಯವರೆಗೆ ಎಲ್ಲರ ಬಾಯಲ್ಲೂ ಅವರು ಕಂಪೇರ್ ರಾಯರು. ಮಿಕ್ಸಿ ಕೊಳ್ಳಲು ನಾಲ್ಕು ತಿಂಗಳು ತೆಗೆದುಕೊಂಡರು. ಅಷ್ಟೂ ದಿನ ಅವರ ಮನೆಯ ಚಟ್ನಿ ನಮ್ಮನೆಯ ಮಿಕ್ಸಿಯಲ್ಲಿ ತಿರುಗಿತು. ವಾಷಿಂಗ್ ಮೆಷೀನಿಗೆ ಬಾಗಿಲು ಮುಂದಿರಬೇಕೋ ಮೇಲಿರಬೇಕೋ ಎಂಬ ಜಿಜ್ಞಾಸೆ ದ್ವೈತ-ಅದ್ವೈತದಷ್ಟು ಎಳೆದಾಡಿತು. ಮಗಳ ಶಾಲೆಗೆಂದು 11 ಶಾಲೆಗಳ ಎಕ್ಸೆಲ್ ಶೀಟ್ ಮಾಡಿ, ಕೊನೆಗೆ ನಮ್ಮ ರಸ್ತೆಗೆ ವ್ಯಾನ್ ಬರುವ ಒಂದೇ ಒಂದು ಶಾಲೆಗೆ ಸೇರಿಸಿದರು.

ಇಂಥವರು ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ಒಳ್ಳೆಯವರೇ. ತಮ್ಮ ದುಡ್ಡಿಗೆ ಮೋಸ ಆಗಬಾರದು ಎನ್ನುವುದಕ್ಕಿಂತ, ತಮ್ಮ ಬುದ್ಧಿಗೆ ಮೋಸ ಆಗಬಾರದು ಎಂಬ ಹಟ ಅವರದು.

2022ರ ಜೂನ್‌ನಲ್ಲಿ ‘777 ಚಾರ್ಲಿ’ ಬಂತು. ಥಿಯೇಟರಿನಿಂದ ಹೊರಬಂದವರಲ್ಲಿ ಅರ್ಧ ಮಂದಿ ಕಣ್ಣೊರೆಸಿಕೊಂಡರೆ ಇನ್ನರ್ಧ ಮಂದಿ ಲ್ಯಾಬ್ರಡಾರ್ ಮರಿಯ ರೇಟು ವಿಚಾರಿಸಿದರು. ಆಗ ಎಂಟನೇ ಕ್ಲಾಸಿನಲ್ಲಿದ್ದ ರಾಯರ ಮಗಳು ಎರಡನ್ನೂ ಮಾಡಿದಳು. ಮರುದಿನ ಬೆಳಗ್ಗೆ ರಾಯರು ನಮ್ಮ ಬಾಗಿಲು ಬಡಿದರು. ನಮ್ಮ ಮನೆಯಲ್ಲಿ ಹನ್ನೊಂದು ವರ್ಷದ ಪಿಂಕಿ ಇದೆ ಎನ್ನುವುದೇ ಈ ವಿಷಯದಲ್ಲಿ ನನಗಿರುವ ಅರ್ಹತೆ. ಪಿಂಕಿಯನ್ನು ನಾವು ಪಮೇರಿಯನ್ ಎನ್ನುತ್ತೇವೆ, ಬಲ್ಲವರು ಇಂಡಿಯನ್ ಸ್ಪಿಟ್ಜ್ ಎನ್ನುತ್ತಾರೆ. ಅದು ಎರಡಕ್ಕೂ ಓಗೊಡುವುದಿಲ್ಲ.

“ಸಾರ್, ಲೋ ಮೆಂಟೇನೆನ್ಸ್ ಬ್ರೀಡ್ ಯಾವುದು?”

ಕೇಳಿದ ಧಾಟಿ ಬೈಕಿನ ಮೈಲೇಜ್ ವಿಚಾರಿಸುವವರದು. ಅವರ ಮನೆಯ ಪರಿಸ್ಥಿತಿ ನನಗೆ ಗೊತ್ತಿದ್ದದ್ದೇ. ರಾಯರು ಎಂಟಕ್ಕೆ ಮನೆ ಬಿಟ್ಟರೆ ಸಿಲ್ಕ್ ಬೋರ್ಡ್ ಕೃಪೆಯಿಂದ ರಾತ್ರಿ ಎಂಟಕ್ಕೆ ವಾಪಸ್. ಮನೆಯಾಕೆ ಬ್ಯಾಂಕಿನಲ್ಲಿ. ಮಗಳಿಗೆ ಸ್ಕೂಲು, ಟ್ಯೂಷನ್ನು, ಭರತನಾಟ್ಯ. ಹಗಲು ಮನೆಯಲ್ಲಿರುವವರು ಎಪ್ಪತ್ತೆಂಟರ ತಾಯಿ ಒಬ್ಬರೇ. ಅವರಿಗೆ ಮಂಡಿನೋವು, ಮಡಿ ಎರಡೂ ಜೋರು.

“ಬೊಗಳಬಾರದು, ಆದರೆ ಕಳ್ಳ ಬಂದ್ರೆ ಬೊಗಳಬೇಕು. ಕೂದಲು ಉದುರಬಾರದು. ವಾಕಿಂಗ್ ಅಂತ ಪ್ರಾಣ ತಿನ್ನಬಾರದು. ಹತ್ತು ಗಂಟೆ ಒಂದೇ ಇರಬೇಕು. ಮೊಸರನ್ನ ತಿನ್ನಬೇಕು. ಸಂಜೆ ನಾವು ಬಂದಾಗ ಮಾತ್ರ ಓಡಿ ಬಂದು ಬಾಲ ಅಲ್ಲಾಡಿಸಬೇಕು.”

“ರಾಯರೇ, ನಿಮಗೆ ಬೇಕಾಗಿರೋದು ನಾಯಿ ಅಲ್ಲ, ಬಾಲ” ಎಂದೆ. ಅವರು ನಗಲಿಲ್ಲ. ಫೋನಿನಲ್ಲಿ ಏನೋ ಬರೆದುಕೊಂಡರು.

ಶುರುವಾಯಿತು ಶೀಟು. ಇಪ್ಪತ್ತೇಳು ಕಾಲಂ. ಕೂದಲು, ಜೊಲ್ಲು, ಗೊರಕೆ, ವಾಸನೆ, ಹೂಸು (ಅದಕ್ಕೆ ‘ಗ್ಯಾಸ್’ ಎಂದು ಗೌರವದ ಹೆಸರು). ಲ್ಯಾಬ್ರಡಾರ್ ಮೊದಲ ಸುತ್ತಿನಲ್ಲೇ ಬಿತ್ತು. ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಜೊತೆ ತಣ್ಣೀರಿಗೆ ಹಾರಿ ದುಡಿದ ವಂಶ ಅದು. ಮೂವತ್ತು ಕೇಜಿಯ ಆ ಉತ್ಸಾಹಕ್ಕೆ ದಿನಾ ಒಂದೂವರೆ ಗಂಟೆ ಕೆಲಸ ಕೊಡದಿದ್ದರೆ ಸೋಫಾವನ್ನೇ ದಡಕ್ಕೆ ಎಳೆಯುತ್ತದೆ. ಹಸ್ಕಿಯ ನೀಲಿ ಕಣ್ಣಿಗೆ ಮಗಳು ಸೋತಳು. ಎರಡು ಪದರದ ತುಪ್ಪಳ ಹೊದ್ದು ಹಿಮದಲ್ಲಿ ಗಾಡಿ ಎಳೆಯುವ ಪ್ರಾಣಿಗೆ ಹಗಲಿಡೀ ಏಸಿ ಹಾಕಬೇಕೆಂದಾಗ ರಾಯರ ಮನೆಯಾಕೆ, “ನಂಗೇ ಹಾಕಿಲ್ಲ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. 2003ರಲ್ಲಿ ಹಚ್ ಜಾಹೀರಾತಿನ ಹುಡುಗನ ಹಿಂದೆ ಹಿಂದೆ ಹೋಗಿ ಇಡೀ ದೇಶದ ಮುದ್ದು ಗಿಟ್ಟಿಸಿದ ಪಗ್‌ಗೆ ಮೂತಿ ಎಷ್ಟು ಚಪ್ಪಟೆ ಎಂದರೆ ಬಿಸಿಲು ಕಂಡರೆ ಉಸಿರಾಡುವುದೇ ಒಂದು ಉದ್ಯೋಗ. ಮೇಲಾಗಿ ಮುಖದ ಆ ಸುಕ್ಕುಗಳ ಸಂದಿಯನ್ನು ದಿನಾ ಒರೆಸಬೇಕು. “ನನ್ನ ಮುಖವನ್ನೇ ನಾನು ಸರಿಯಾಗಿ ಒರೆಸಲ್ಲ” ಎಂದು ರಾಯರು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಶಿಟ್ಸು ಮಾತ್ರ ‘ಕೂದಲು ಉದುರದು’ ಕಾಲಂನಲ್ಲಿ ಹತ್ತಕ್ಕೆ ಒಂಬತ್ತು ಪಡೆಯಿತು. ನಾನು ಅಡ್ಡಬಾಯಿ ಹಾಕಿದೆ. ಕೂದಲು ನೆಲಕ್ಕೆ ಬೀಳದಿದ್ದರೆ ನಾಯಿಯ ಮೇಲೇ ಇರುತ್ತದೆ ಸ್ವಾಮಿ, ಬೆಳೆಯುತ್ತಲೇ ಇರುತ್ತದೆ, ದಿನಾ ಬಾಚದಿದ್ದರೆ ಜಡೆಗಟ್ಟುತ್ತದೆ. ಪಿಂಕಿಯ ಕೂದಲು ಸಾರಿಗೆ ಬಿದ್ದರೂ ಅದನ್ನು ತೆಗೆದು ಪಕ್ಕಕ್ಕಿಟ್ಟು ಉಣ್ಣಬಹುದು, ಶಿಟ್ಸುವನ್ನು ಮಡಿಲಲ್ಲಿ ಕೂರಿಸಿಕೊಂಡು ಜಡೆ ಹಾಕಬೇಕು. ಮಗಳಿಗೇ ಜಡೆ ಹಾಕಲು ಪುರುಸೊತ್ತಿಲ್ಲದೆ ಕೂದಲು ಕತ್ತರಿಸಿದ ಮನೆ ಅದು. ಶಿಟ್ಸುವೂ ಹೋಯಿತು.

ನಡುವೆ ಮೂರು ವಾರ ಅವರಿಗೆ ಬಸೆಂಜಿಯ ಹುಚ್ಚು ಹಿಡಿದಿತ್ತು. ಆಫ್ರಿಕದ ಕಾಂಗೋ ಕಡೆಯ ಬೇಟೆನಾಯಿ, ಬೊಗಳುವುದಿಲ್ಲ, ಬೆಕ್ಕಿನ ಹಾಗೆ ಮೈ ನೆಕ್ಕಿಕೊಂಡು ಶುಚಿಯಾಗಿರುತ್ತದೆ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಬಸೆಂಜಿ ಮಹಾತ್ಮೆ. ಬೊಗಳುವ ಬದಲು ಅದು ಒಂದು ಬಗೆಯ ರಾಗ ತೆಗೆಯುತ್ತದೆ, ಬೇಸರವಾದರೆ ಕೈಗೆ ಸಿಕ್ಕಿದ್ದನ್ನೆಲ್ಲ ಜಗಿಯುತ್ತದೆ ಎಂಬುದು ನಾಲ್ಕನೇ ವಾರ ತಿಳಿಯಿತು. ಆಮೇಲೆ ಲಿಫ್ಟಿನಲ್ಲಿ ಮೌನ.

ಇಷ್ಟನ್ನೂ ನೋಡುತ್ತಿದ್ದ ರಾಯರ ತಾಯಿ ಒಂದು ದಿನ ಹುರುಳಿಕಾಯಿ ಸೋಸುತ್ತ ಕೇಳಿದರು: “ಲೋ, ಧರ್ಮರಾಯ ಸ್ವರ್ಗಕ್ಕೆ ಹೋಗೋವಾಗ ಹಿಂದೆ ಬಂದ ನಾಯೀನ ನೀನ್ಯಾವ ಬ್ರೀಡು ಅಂತ ಕೇಳಿದ್ನೇನೋ?”

ರಾಯರು ಸಿಡುಕಿದರೂ ಮಾತು ನಾಟಿರಬೇಕು. ದೇಶಿ ತಳಿಗಳ ಕಡೆ ತಿರುಗಿದರು. ಅದೇ ಸಮಯಕ್ಕೆ ಬಾಗಲಕೋಟೆಯಲ್ಲಿ ಅವರ ಸಹೋದ್ಯೋಗಿಯ ಮದುವೆ. ನನ್ನನ್ನೂ ಎಳೆದುಕೊಂಡು ಹೋದರು. ಮದುವೆಯೂಟದ ಹೋಳಿಗೆ ಇನ್ನೂ ಗಂಟಲಲ್ಲಿರುವಾಗಲೇ ಮುಧೋಳದ ದಾರಿ ಹಿಡಿದೆವು. ಕಾರಿನಲ್ಲಿ ರಾಯರು ಪೂರ್ತಿ ಚರಿತ್ರೆ ಒಪ್ಪಿಸಿದರು: ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಬೆಳೆಸಿದ್ದು, ಐದನೇ ಜಾರ್ಜ್ ದೊರೆಗೆ ಜೋಡಿ ನಾಯಿ ಕಾಣಿಕೆ ಕೊಟ್ಟದ್ದು, 2005ರಲ್ಲಿ ಅಂಚೆಚೀಟಿ ಬಂದದ್ದು, ಸೈನ್ಯದವರು ಮೀರತ್ತಿಗೆ ಒಯ್ದು ತರಬೇತಿ ಕೊಟ್ಟದ್ದು. ತಿಮ್ಮಾಪುರದಲ್ಲಿ ಈ ತಳಿಗೆಂದೇ ಒಂದು ಸಂಶೋಧನಾ ಕೇಂದ್ರವಿದೆ. ಸುತ್ತಲಿನ ಹಳ್ಳಿಗಳ ನೂರಾರು ಕುಟುಂಬಗಳು ಮರಿ ಸಾಕಿ ಮಾರುತ್ತವೆ. ಅಂಥ ಒಂದು ಮನೆಯ ಮುಂದೆ ಇಳಿದೆವು.

ಬೇವಿನ ಮರದಡಿ ನಿಂತಿತ್ತು ನಾಯಿ. ಉದ್ದ ಮೂತಿ, ಎಣಿಸಬಹುದಾದ ಪಕ್ಕೆಲುಬು, ಇದೆಯೋ ಇಲ್ಲವೋ ಎಂಬಂಥ ಹೊಟ್ಟೆ, ರೇಷ್ಮೆಯಂಥ ಗಿಡ್ಡ ಕೂದಲು. ರಾಯರ ಮುಖ ಅರಳಿತು. ಕೂದಲಿನ ಕಾಲಂ ಪಾಸು. ತಲೆ ಸವರಲು ಕೈಚಾಚಿದರು. ನಾಯಿ ಗುರ್ರೆನ್ನಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿದು ಇವರನ್ನು ದಾಟಿ ದೂರದ ಕಬ್ಬಿನ ಹೊಲ ನೋಡತೊಡಗಿತು. ಸಂಸ್ಥಾನದ ಬಿಗುಮಾನ. ಅಲ್ಲಿ ಬದುವಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಗಾಳಿಗೆ ಹೊರಳಿತು. ನನಗೆ ಅದು ಕಂಡದ್ದೇ ನಾಯಿಯ ಕಿವಿ ನಿಮಿರಿದ ಮೇಲೆ.

“ಸ್ಟ್ಯಾಂಪಿನ ಮೇಲೆ ಬಂದಿರೋ ನಾಯಿ ಅಲ್ವಾ” ಎಂದರು ರಾಯರು, ತಮ್ಮ ಜ್ಞಾನ ತೋರಿಸಲು.

“ಸ್ಟ್ಯಾಂಪಿನ್ಯಾಗ ಬಂದೈತಿ ಖರೆ ಸರ” ಎಂದರು ಯಜಮಾನರು. “ಆದ್ರ ಸ್ಟ್ಯಾಂಪಿನ್ಯಾಗಿಂದಕ್ಕ ಓಡೂದು ಬೇಕಾಗೂದಿಲ್ಲ, ಇದಕ ಬೇಕು. ಜಾಗಾ ಎಷ್ಟೈತ್ರಿ ನಿಮ್ದು?”

“ಸಾವಿರದ ಮುನ್ನೂರು.”

“ಎಕರೇನ್ರಿ?”

“ಸ್ಕ್ವೇರ್ ಫೀಟು.”

ಯಜಮಾನರು ನಾಯಿಯ ಮುಖ ನೋಡಿದರು. ನಾಯಿ ಅವರ ಮುಖ ನೋಡಿತು. ಇಬ್ಬರಿಗೂ ಏನೋ ಅರ್ಥವಾದಂತಿತ್ತು. “ಚಾ ಕುಡದ ಹೋಗ್ರಿ” ಎಂದರು. ವ್ಯಾಪಾರ ಅಲ್ಲಿಗೆ ಮುಗಿಯಿತು. ಸಾಮಾನು ಮಾರುವವನು ಗಿರಾಕಿಗೆ ಬೇಡ ಅಂದದ್ದನ್ನು ರಾಯರು ಜೀವನದಲ್ಲೇ ಕಂಡಿರಲಿಲ್ಲ. ಬಾಗಲಕೋಟೆ ದಾಟುವವರೆಗೂ ಮಾತಾಡಲಿಲ್ಲ.

ಊರಿಗೆ ಬಂದು ಪಶುವೈದ್ಯರೊಬ್ಬರ ಹತ್ತಿರ ಹೋದರು. ಎರಡು ತಿಂಗಳ ಮರಿಗೆ ಎರಡು-ಮೂರು ಗಂಟೆಗಿಂತ ಹೆಚ್ಚು ಮೂತ್ರ ಕಟ್ಟಿಕೊಳ್ಳಲು ಆಗುವುದಿಲ್ಲ, ರಾತ್ರಿಯೂ ಎದ್ದು ಕರೆದುಕೊಂಡು ಹೋಗಬೇಕು, ಲಸಿಕೆಗಳ ಸುತ್ತು ಬೇರೆ ಎಂದೆಲ್ಲ ವಿವರಿಸಿ ಡಾಕ್ಟರು, “ಹಗಲು ಮನೇಲಿ ಯಾರಿರ್ತಾರೆ?” ಎಂದರು.

“ಕ್ಯಾಮೆರಾ ಇರತ್ತೆ ಡಾಕ್ಟ್ರೇ.”

“ಕ್ಯಾಮೆರಾ ನೆಲ ಒರೆಸತ್ತಾ?”

ಅವರೇ ಒಂದು ದಾರಿ ಹೇಳಿದರು: ಮರಿ ಬೇಡ, ಮೂರು-ನಾಲ್ಕು ವರ್ಷದ, ಬುದ್ಧಿ ಬಲಿತ, ಯಾರೋ ಬಿಟ್ಟುಹೋದ ನಾಯಿ ತಗೊಳ್ಳಿ, ಅದರ ಗುಣ ಮೊದಲೇ ಗೊತ್ತಿರುತ್ತದೆ, ತಳಿ ಯಾವುದಾದರೇನು. ನನಗಂತೂ ಎರಡು ವರ್ಷದಲ್ಲಿ ಕೇಳಿದ ಒಂದೇ ಬುದ್ಧಿಮಾತು ಅನ್ನಿಸಿತು. ರಾಯರು ದನಿ ತಗ್ಗಿಸಿ ಕೇಳಿದರು, “ಸೆಕೆಂಡ್ ಹ್ಯಾಂಡಾ?”

ತಮಾಷೆಯೆಂದರೆ ಇಷ್ಟರಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ರಾಯರೇ ನಾಯಿ ಸಲಹೆಗಾರರಾಗಿದ್ದರು. ಅವರ ಶೀಟು ನೋಡಿ 506ರವರು ಶಿಟ್ಸು ತಂದರು, 201ರವರು ಬೀಗಲ್ ತಂದರು. ಹೊಟ್ಟೆಹುಳುವಿಗೆ ಯಾವಾಗ ಔಷಧಿ ಹಾಕಬೇಕು, ಉಣ್ಣಿ ಹತ್ತಿದರೆ ಎಲ್ಲೆಲ್ಲಿ ಹುಡುಕಬೇಕು ಎಂದು ನಾಯಿ ಇದ್ದವರೆಲ್ಲ ನಾಯಿ ಇಲ್ಲದವರನ್ನು ಕೇಳುತ್ತಿದ್ದರು.

2024ರ ದಸರೆಗೆ 201ರವರು ಸುಬ್ರಹ್ಮಣ್ಯ, ಧರ್ಮಸ್ಥಳ ಎಂದು ನಾಲ್ಕು ದಿನಕ್ಕೆ ಹೊರಟರು. ಬೀಗಲ್ ಬಿಸ್ಕೆಟ್‌ನನ್ನು ಎಲ್ಲಿ ಬಿಡುವುದು? “ನಮ್ಮನೇಲಿರಲಿ, ಪೈಲಟ್ ಪ್ರಾಜೆಕ್ಟ್ ಆಗತ್ತೆ” ಎಂದರು ರಾಯರು. ತಾಯಿ ಒಂದೇ ಷರತ್ತು ಹಾಕಿದರು: ಅಡುಗೆಮನೆ ಹೊಸಿಲು ದಾಟಬಾರದು. ಬಿಸ್ಕೆಟ್ ಷರತ್ತು ಪಾಲಿಸಿತು. ಅಡುಗೆಮನೆಗೆ ಹೋಗಲೇ ಇಲ್ಲ. ಹಾಲಿನಲ್ಲಿ ಬೊಂಬೆ ಕೂರಿಸಿದ್ದರಲ್ಲ.

ಬೀಗಲ್ ಎಂದರೆ ಮೂಗು. ಉಳಿದ ದೇಹ ಆ ಮೂಗನ್ನು ಹೊತ್ತು ತಿರುಗಲು ಇರುವ ವಾಹನ. ಇಂಗ್ಲೆಂಡಿನಲ್ಲಿ ಗುಂಪುಗುಂಪಾಗಿ ಮೊಲದ ಜಾಡು ಹಿಡಿಯುತ್ತಿದ್ದ ಆ ಮೂಗು, ಒಂಬತ್ತು ಮೆಟ್ಟಿಲಿನ ಬೊಂಬೆಗಳಲ್ಲಿ ಪಟ್ಟದ ರಾಜ-ರಾಣಿಯನ್ನು ಲೆಕ್ಕಿಸದೆ ಸೀದಾ ಕೆಳಗಿನ ಶೆಟ್ಟರ ಅಂಗಡಿಗೆ ಬಂತು. ರಾತ್ರಿ ಹನ್ನೊಂದೂವರೆಗೆ ನಮ್ಮನೆ ಬೆಲ್ಲು. ರಾಯರು ಲುಂಗಿಯಲ್ಲಿ, ಬೆವರುತ್ತ: “ಸಾರ್, ದ್ರಾಕ್ಷಿ ತಿಂದುಬಿಟ್ಟಿದೆ! ಒಣದ್ರಾಕ್ಷಿ ನಾಯಿಗೆ ವಿಷ, ಕಿಡ್ನಿ ಹೋಗತ್ತೆ, ನನ್ನ ಶೀಟಿನಲ್ಲೇ ಇದೆ!”

ಓಡಿದೆ. ಶೆಟ್ಟರು ಮಗುಚಿ ಬಿದ್ದಿದ್ದರು. ತಲೆಯ ಪೇಟ ಒಂದು ಕಡೆ ಚೊಟ್ಟೆಯಾಗಿತ್ತು. ಅಂಗಡಿಯ ಅಕ್ಕಿ, ತೊಗರಿಬೇಳೆ, ಕಲ್ಲುಸಕ್ಕರೆ ಚೆಲ್ಲಾಪಿಲ್ಲಿ. ಮಧ್ಯದಲ್ಲಿ ಬಿಸ್ಕೆಟ್, ತಾನು ಈಗಷ್ಟೇ ಊರಿಗೆ ಬಂದ ನೆಂಟನೆಂಬ ಮುಖ ಹೊತ್ತು. ರಾಯರು ಒಂದು ಕಿವಿಗೆ ಡಾಕ್ಟರ ಫೋನು ಹಿಡಿದು, ಮಂಡಿಯೂರಿ, ಅಕ್ಕಿಯ ನಡುವಿನಿಂದ ಒಂದೊಂದೇ ದ್ರಾಕ್ಷಿ ಹೆಕ್ಕಿ ಸ್ಟೀಲ್ ತಟ್ಟೆಗೆ ಹಾಕುತ್ತ ಎಣಿಸುತ್ತಿದ್ದರು. ಹದಿನೆಂಟು, ಹತ್ತೊಂಬತ್ತು. ಎಷ್ಟು ಇಟ್ಟಿದ್ದೆವೆಂದು ಗೊತ್ತಿಲ್ಲದೆ ಎಣಿಸಿ ಏನು ಪ್ರಯೋಜನ? ಡಾಕ್ಟರು ಆಚೆಯಿಂದ ಅದನ್ನೇ ಕೇಳುತ್ತಿದ್ದಿರಬೇಕು. ಅಷ್ಟರಲ್ಲಿ ತಾಯಿ ಗೋಡೆ ಹಿಡಿದುಕೊಂಡು ಬಂದರು, ಕನ್ನಡಕ ಹಾಕಿಕೊಂಡು ತಟ್ಟೆಗೆ ಬಗ್ಗಿದರು.

“ಇಪ್ಪತ್ತೊಂದು ಇಟ್ಟಿದ್ದೆ. ಅಗೋ, ಎರಡು ಶೆಟ್ಟಮ್ಮನ ಸೆರಗಿನಲ್ಲಿದೆ. ದ್ರಾಕ್ಷಿ ಮುಟ್ಟಿಲ್ಲ ಕಣೋ ಅದು. ಗೋಡಂಬಿ ಅಷ್ಟೂ ಖಾಲಿ.”

ರಾಯರು ನೆಲಕ್ಕೇ ಕೂತುಬಿಟ್ಟರು. ಬಿಸ್ಕೆಟ್ ಬಂದು ಅವರ ತೊಡೆಯ ಮೇಲೆ ಗಲ್ಲ ಇಟ್ಟಿತು. ಗ್ಯಾಸ್ ಕಾಲಂ ಎಷ್ಟು ನಿಜವೆಂದು ಆ ರಾತ್ರಿ ಅವರಿಗೆ ಗೊತ್ತಾಯಿತು.

ಬೆಳಗ್ಗೆ ಐದಕ್ಕೆ ತಾಯಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ ಹಾಕುತ್ತಾರೆ. ಮೊದಲ ಸಾಲಿಗೇ ಬಿಸ್ಕೆಟ್ ಗಲ್ಲ ಮೇಲೆತ್ತಿ, ಕಣ್ಮುಚ್ಚಿ ದನಿಗೂಡಿಸಿತು. ಮೂರು ಮಹಡಿಗೆ ಕೇಳಿತು. “ಶ್ರುತಿ ಸ್ವಲ್ಪ ಮೇಲಿದೆ, ಭಕ್ತಿಗೇನೂ ಕಮ್ಮಿಯಿಲ್ಲ” ಎಂದರಂತೆ ತಾಯಿ. ಅಸೋಸಿಯೇಷನ್ ಗ್ರೂಪಿನಲ್ಲಿ ದೂರು ಬಂತು. ಎರಡು ವರ್ಷದ ಹಿಂದೆ ನನ್ನ ಪಿಂಕಿಯ ಬೊಗಳಾಟದ ಬಗ್ಗೆ ಇದೇ ಗ್ರೂಪಿನಲ್ಲಿ ಡೆಸಿಬೆಲ್ ಲೆಕ್ಕ ಹಾಕಿದ್ದ ರಾಯರು, ಈಗ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕುವುದನ್ನು ಯಾರೂ ನಿಷೇಧಿಸುವಂತಿಲ್ಲ ಎಂಬ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯನ್ನು ಪೂರ್ತಿ ಅಂಟಿಸಿದರು.

ನಾಲ್ಕೂ ದಿನ ಬೆಳಗ್ಗೆ ಆರಕ್ಕೆ ಬಾಲ್ಕನಿಯಿಂದ ನೋಡಿದೆ. ಮಂಕಿ ಕ್ಯಾಪು, ಒಂದು ಕೈಯಲ್ಲಿ ಬೆಲ್ಟಿನ ಹಗ್ಗ, ಇನ್ನೊಂದರಲ್ಲಿ ಹಳೇ ಪೇಪರು ಮತ್ತು ಕವರು. ಎರಡು ಕೈಯೂ ಭರ್ತಿ, ಆದ್ದರಿಂದ ಫೋನು ಇಲ್ಲ. ಬಿಸ್ಕೆಟ್ ಪ್ರತಿ ಕಂಬಕ್ಕೂ ನಿಂತು ಹಿಂದಿನ ದಿನದ ಸಮಾಚಾರವನ್ನೆಲ್ಲ ಮೂಸಿ ಓದಿಯೇ ಮುಂದಕ್ಕೆ ಹೋಗುತ್ತಿತ್ತು. ಮೊದಲ ದಿನ ರಾಯರು ಜಗ್ಗಿದರು. ಮೂರನೇ ದಿನ ಅವರೂ ಸಾವಧಾನವಾಗಿ ನಿಂತು ಆಕಾಶ ನೋಡುತ್ತಿದ್ದರು.

ವಿಜಯದಶಮಿಯ ರಾತ್ರಿ 201ರವರು ಬಂದು, ಪ್ರಸಾದ ಕೊಟ್ಟು, ಬಿಸ್ಕೆಟ್‌ನನ್ನು ಕರೆದುಕೊಂಡು ಹೋದರು. ಅದು ತಿರುಗಿಯೂ ನೋಡಲಿಲ್ಲ.

ಮರುದಿನ ಭಾನುವಾರ. ಆರು ಗಂಟೆಗೆ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದೆ. ಕೆಳಗೆ ರಾಯರು, ಮಂಕಿ ಕ್ಯಾಪಿನಲ್ಲಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಬ್ಬರೇ ಹೋಗುತ್ತಿದ್ದರು. ಮೊದಲ ಕಂಬದ ಹತ್ತಿರ ನಿಂತರು. ಎರಡನೆಯದರ ಹತ್ತಿರವೂ ನಿಂತರು.